ಬೀಗ ಹಾಕಿದ ಗಣಕದಲ್ಲಿ ಬೇರೆ ಓಎಸ್ ಸ್ಥಾಪನೆ: ಪಶ್ಚಿಮ ಬೆಂಗಳೂರಿನ ರೂಢಿ

ತಯಾರಕರು ಒಂದು ಓಎಸ್ ತುಂಬಿ, ಬೇರೆಯದು ಸಲೀಸಾಗಿ ಏಳದಂತೆ ಫರ್ಮ್‌ವೇರಿನಲ್ಲೇ ಕಟ್ಟು ಹಾಕಿ ಮಾರಿದ ಗಣಕದಲ್ಲಿ ಬಳಕೆದಾರರು ತಮಗೆ ಬೇಕಾದ ಇನ್ನೊಂದು ಓಎಸ್ ಹಾಕಿಕೊಳ್ಳುವ ಕ್ರಮ. ಆ ಇನ್ನೊಂದು ಸಾಮಾನ್ಯವಾಗಿ ಲಿನಕ್ಸ್‌ನ ಯಾವುದಾದರೊಂದು ಬಗೆ. ಮೊದಲಿನದನ್ನು ಅಳಿಸದೆ ಪಕ್ಕದಲ್ಲೇ ಎರಡನೆಯದನ್ನು ಇಟ್ಟುಕೊಂಡರೆ ಅದು ಡ್ಯುಯಲ್ ಬೂಟ್. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳ ನಡುವೆ ಇದು ಸೆಮಿಸ್ಟರಿನ ಮಾಮೂಲು ಕೆಲಸ. ಬೀಗವೆಂದಾಗ ಎಲ್ಲರೂ ಬೆರಳು ತೋರಿಸುವುದು ಯುಇಎಫ್‌ಐ ಫರ್ಮ್‌ವೇರಿನ ‘ಸೆಕ್ಯೂರ್ ಬೂಟ್’ ಕಡೆಗೆ. ಆದರೆ ಕೆಲಸ ಕೆಡುವುದು ಬಹುಪಾಲು ಅದರಿಂದಲ್ಲ. ಡಿಸ್ಕಿಗೆ ತಾನಾಗಿ ಬಿದ್ದಿರುವ ಗೂಢಲಿಪಿ ಮತ್ತು ಡಿಸ್ಕ್ ಕಂಟ್ರೋಲರಿನ ಸೆಟ್ಟಿಂಗ್, ಇವೆರಡೇ ನಿಜವಾದ ತೊಡಕುಗಳು.

ಹಿನ್ನೆಲೆ

2012ಕ್ಕೆ ಮೊದಲಿನ ಗಣಕಗಳಲ್ಲಿ ಇಂಥ ಬೀಗ ಇರಲಿಲ್ಲ. ಹಳೆಯ ಬಯೋಸ್ ತನ್ನ ಮುಂದಿಟ್ಟ ಡಿಸ್ಕನ್ನು ಪ್ರಶ್ನಿಸದೆ ಓಡಿಸುತ್ತಿತ್ತು. ಸಾದರ ಪತ್ರಪ್ಪ ರಸ್ತೆಯಲ್ಲಿ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌.ಪಿ. ರೋಡಿನಲ್ಲಿ, ವಿಂಡೋಸ್ ಇಲ್ಲದ ಲ್ಯಾಪ್‌ಟಾಪು ‘ಡಾಸ್ ಲ್ಯಾಪ್‌ಟಾಪ್’ ಎಂಬ ಹೆಸರಲ್ಲಿ ಕಡಿಮೆ ಬೆಲೆಗೆ ಸಿಗುತ್ತಿತ್ತು. ಅದಕ್ಕೆ ಏನು ತುಂಬಬೇಕೆಂಬುದು ಕೊಂಡವರ ಇಷ್ಟ.

ಬೆಂಗಳೂರಿಗೆ ಲಿನಕ್ಸ್ ಹೊಸದೂ ಆಗಿರಲಿಲ್ಲ. 1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ಓದುಗರಿಗೆ ಲಿನಕ್ಸ್ ಸಿ.ಡಿ. ಹಂಚಿದಾಗ ಅದರ ಹಿಂದೆ ಇದ್ದವರು ಇಲ್ಲಿನ ಅತುಲ್ ಚಿಟ್ನಿಸ್. ಅವರೇ ಮುಂದೆ ನಿಂತು ನಡೆಸಿದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ 2001ರಲ್ಲಿ ಶುರುವಾಗಿ, 2005ರಿಂದ ‘ಫಾಸ್ ಡಾಟ್ ಇನ್’ ಎಂದಾಗಿ, 2012ರಲ್ಲಿ ನಿಂತಿತು. ಉಬುಂಟು ತಯಾರಕರು 2005ರಿಂದ 2011ರವರೆಗೆ ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆ ಸಿ.ಡಿ. ಕಳಿಸುತ್ತಿದ್ದರು. ಸಿ.ಡಿ. ತೂರಿಸಿ, ಎಫ್12 ಒತ್ತಿದರೆ ಅರ್ಧ ಕೆಲಸ ಮುಗಿದಂತೆ ಎಂದು ಜನ ನೆಚ್ಚಿಕೊಂಡಿದ್ದ ಕಾಲ ಅದು.

2012ರ ಅಕ್ಟೋಬರ್ 26ರಂದು ವಿಂಡೋಸ್ 8 ಬಂತು. ಅದರ ಲಾಂಛನ ಬೇಕಾದ ಗಣಕದಲ್ಲಿ ಸೆಕ್ಯೂರ್ ಬೂಟ್ ಚಾಲೂ ಇರಲೇಬೇಕೆಂದು ಮೈಕ್ರೋಸಾಫ್ಟ್ ಹಿಂದಿನ ವರ್ಷವೇ ಹೇಳಿತ್ತು. ಫರ್ಮ್‌ವೇರಿನಲ್ಲಿ ನಂಬಿಕಸ್ತ ಸಹಿಗಳದೊಂದು ಪಟ್ಟಿ, ತಿರಸ್ಕೃತ ಸಹಿಗಳದೊಂದು ಪಟ್ಟಿ ಇರುತ್ತವೆ. ಗಣಕ ಏಳುವಾಗ ಮೊದಲು ಓಡುವ ಪ್ರೋಗ್ರಾಮಿನ ಡಿಜಿಟಲ್ ಸಹಿ ಮೊದಲ ಪಟ್ಟಿಗೆ ತಾಳೆಯಾಗಬೇಕು, ಎರಡನೆಯದರಲ್ಲಿ ಇರಬಾರದು. ವಿಂಡೋಸಿಗೂ ಮೊದಲೇ ಎದ್ದು ಅವಿತುಕೊಳ್ಳುವ ವೈರಸ್ ತಡೆಯುವುದು ಉದ್ದೇಶ. ಆದರೆ ಪಟ್ಟಿಯಲ್ಲಿ ಮೈಕ್ರೋಸಾಫ್ಟಿನ ಕೀಲಿಗಳೇ ಇದ್ದದ್ದರಿಂದ ಲಿನಕ್ಸ್ ಕೂಡ ಅಪರಿಚಿತವಾಯಿತು. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಇದನ್ನು ಬಳಕೆದಾರರ ಮೇಲಿನ ನಿರ್ಬಂಧವೆಂದು ವಿರೋಧಿಸಿತು.

ಪರಿಹಾರ ಬಂದದ್ದು ಬೇರೊಂದು ಬಾಗಿಲಿನಿಂದ. ಮ್ಯಾಥ್ಯೂ ಗ್ಯಾರೆಟ್ ಮೊದಲಾದವರು ‘ಶಿಮ್’ ಎಂಬ ಪುಟ್ಟ ಪ್ರೋಗ್ರಾಮು ಬರೆದು ಅದಕ್ಕೆ ಮೈಕ್ರೋಸಾಫ್ಟಿನ ಸಹಿಯನ್ನೇ ಹಾಕಿಸಿದರು. ಫರ್ಮ್‌ವೇರ್ ಶಿಮ್ ಅನ್ನು ನಂಬುತ್ತದೆ, ಶಿಮ್ ಉಬುಂಟುವಿನ ಬೂಟ್ ಲೋಡರ್ ಆದ ಗ್ರಬ್ ಅನ್ನು, ಗ್ರಬ್ ಕರ್ನಲನ್ನು. 2012ರ ಅಕ್ಟೋಬರಿನ ಉಬುಂಟು 12.10, 2013ರ ಜನವರಿಯ ಫೆಡೋರಾ 18 ಈ ದಾರಿ ಹಿಡಿದವು. ಆದ್ದರಿಂದ ಹೆಸರಾಂತ ಲಿನಕ್ಸ್‌ಗಳಿಗಾಗಿ ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯ ಇಂದು ಸಾಮಾನ್ಯವಾಗಿ ಇಲ್ಲ. ಆದರೂ ಮೊದಲು ಅದನ್ನೇ ಆಫ್ ಮಾಡು ಎಂಬ ಉಪದೇಶ ಹಾಸ್ಟೆಲಿನಿಂದ ಹಾಸ್ಟೆಲಿಗೆ ಹರಿಯುತ್ತಲೇ ಇದೆ. ಅದರಿಂದಾಗುವ ತೊಂದರೆಯೇ ಹೆಚ್ಚು.

ಪಶ್ಚಿಮ ಬೆಂಗಳೂರಿನಲ್ಲಿ

ಮೈಸೂರು ರಸ್ತೆಯ ಆರ್‌.ವಿ. ಎಂಜಿನಿಯರಿಂಗ್ ಕಾಲೇಜು 1963ರಲ್ಲಿ, ಮಲ್ಲತ್ತಹಳ್ಳಿಯ ಡಾ. ಅಂಬೇಡ್ಕರ್ ತಾಂತ್ರಿಕ ಮಹಾವಿದ್ಯಾಲಯ 1980ರಲ್ಲಿ, ಕೆಂಗೇರಿ–ಉತ್ತರಹಳ್ಳಿ ರಸ್ತೆಯ ಜೆಎಸ್‌ಎಸ್ ತಾಂತ್ರಿಕ ಶಿಕ್ಷಣ ಅಕಾಡೆಮಿ 1997ರಲ್ಲಿ, ಚನ್ನಸಂದ್ರದ ಆರ್‌ಎನ್‌ಎಸ್‌ಐಟಿ 2001ರಲ್ಲಿ ಶುರುವಾದವು. ಈ ಕಾಲೇಜುಗಳಲ್ಲಿ ಓದುವವರಿಗೆ ಲಿನಕ್ಸ್ ಬೇಕಾಗುವುದು ತತ್ತ್ವಕ್ಕಾಗಿ ಅಲ್ಲ, ಲ್ಯಾಬಿಗಾಗಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2015 ಮತ್ತು 2018ರ ಸ್ಕೀಮುಗಳಲ್ಲಿ ಕಂಪ್ಯೂಟರ್ ಸೈನ್ಸಿನ ಐದನೇ ಸೆಮಿಸ್ಟರಿಗೆ ಎನ್‌ಎಸ್2 ಬಳಸುವ ನೆಟ್‌ವರ್ಕ್ ಲ್ಯಾಬ್, ಆರನೇ ಸೆಮಿಸ್ಟರಿಗೆ ಲೆಕ್ಸ್ ಮತ್ತು ಯಾಕ್ ಬರೆಸುವ ಸಿಸ್ಟಮ್ ಸಾಫ್ಟ್‌ವೇರ್ ಲ್ಯಾಬ್ ಇದ್ದವು. ಇವನ್ನು ವಿಂಡೋಸಿನಲ್ಲಿ ಒದ್ದಾಡುವುದಕ್ಕಿಂತ ಉಬುಂಟುವಿನಲ್ಲಿ ಓಡಿಸುವುದು ಸುಲಭ. ಇಂಟರ್ನಲ್ಸ್ ಹತ್ತಿರ ಬಂದಾಗ ಪಿ.ಜಿ.ಗಳಲ್ಲಿ ಪೆನ್‌ಡ್ರೈವ್ ಕೈ ಬದಲಾಗುತ್ತದೆ, ಸೀನಿಯರೇ ಮೇಷ್ಟ್ರು. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದಂಥ ಸಂಘಟನೆಯ ಬೆಂಬಲದಿಂದ ಕಾಲೇಜುಗಳಲ್ಲಿ ಹುಟ್ಟಿಕೊಂಡ ‘ಗ್ಲಗ್’ ಎಂಬ ಲಿನಕ್ಸ್ ಬಳಕೆದಾರರ ಬಳಗಗಳೂ ಈ ಕೆಲಸ ಕಲಿಸಿವೆ.

ಇನ್ನೊಂದು ಕಾರಣ ಹಳೆಯ ಗಣಕ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಹೆಚ್ಚುಕಡಿಮೆ ಇಂಟೆಲ್‌ನ ಎಂಟನೇ ಪೀಳಿಗೆಯಿಂದೀಚಿನ ಪ್ರೊಸೆಸರೂ ಬೇಕು. ಗಟ್ಟಿಮುಟ್ಟಾಗಿರುವ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಲು ಮನಸ್ಸಾಗದ ಮನೆಗಳಲ್ಲಿ ಲಿನಕ್ಸ್ ಮಿಂಟ್ ಬಂದು ಕೂತಿರುವುದು ಹೀಗೆ.

ಸ್ಥಾಪನೆಯ ಕ್ರಮ

ಮೊದಲ ಹೆಜ್ಜೆ ಪೆನ್‌ಡ್ರೈವ್ ತಯಾರಿಸುವುದಲ್ಲ, ಡಿಸ್ಕಿನ ಗೂಢಲಿಪಿ ಬಿಡಿಸುವ 48 ಅಂಕಿಗಳ ರಿಕವರಿ ಕೀ ಹುಡುಕಿ ಕಾಗದದಲ್ಲಿ ಬರೆದಿಡುವುದು. ಈಚಿನ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ ಡಿಸ್ಕಿಗೆ ವಿಂಡೋಸಿನದೇ ಆದ ಬಿಟ್‌ಲಾಕರ್ ಗೂಢಲಿಪಿ ಬೀಳುತ್ತದೆ. 2024ರ 24ಎಚ್2 ಆವೃತ್ತಿಯಿಂದ ಇದು ಇನ್ನೂ ವ್ಯಾಪಕ. ಹೋಮ್ ಎಡಿಶನ್ನಿನಲ್ಲಿ ಅದಕ್ಕೆ ಬಿಟ್‌ಲಾಕರ್ ಎಂಬ ಹೆಸರೂ ಇಲ್ಲ. ‘ಡಿವೈಸ್ ಎನ್‌ಕ್ರಿಪ್ಷನ್’ ಎಂದು ಸೆಟ್ಟಿಂಗ್ಸಿನ ಒಂದು ಮೂಲೆಯಲ್ಲಿರುತ್ತದೆ. ಹಾಗಾಗಿ ತನ್ನ ಡಿಸ್ಕಿಗೆ ಬೀಗವಿದೆ ಎಂಬುದೇ ಎಷ್ಟೋ ಜನರಿಗೆ ತಿಳಿದಿರುವುದಿಲ್ಲ. ಗಣಕ ಎದ್ದ ಬಗೆಯನ್ನು ಟಿಪಿಎಂ ಚಿಪ್ ಅಳೆದಿಟ್ಟುಕೊಂಡಿರುತ್ತದೆ. ಸೆಕ್ಯೂರ್ ಬೂಟ್ ಆಫ್ ಆದೊಡನೆ ಆ ಅಳತೆ ತಪ್ಪಿ, ವಿಂಡೋಸ್ ನೀಲಿ ಪರದೆಯಲ್ಲಿ ಕೀಲಿ ಕೇಳುತ್ತದೆ. ಕೀಲಿ ಇರುವುದು ಮೊದಲು ಸೆಟಪ್ ಮಾಡಿದ ಮೈಕ್ರೋಸಾಫ್ಟ್ ಖಾತೆಯಲ್ಲಿ. ಕೊಂಡ ದಿನ ಅಂಗಡಿಯವರು ತಮ್ಮ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ಕೀಲಿಯೂ ಅಂಗಡಿಯವರ ಬಳಿಯೇ. ಕೀಲಿ ಸಿಗದಿದ್ದರೆ ಒಳಗಿನ ಫೈಲುಗಳು ಹೋದಂತೆಯೇ, ಯಾವ ರಿಪೇರಿಯವರೂ ಬಿಡಿಸಿಕೊಡಲಾರರು. ಕೀಲಿ ಕೈಯಲ್ಲಿದ್ದರೂ ಕೆಲಸಕ್ಕೆ ಮುಂಚೆ ಗೂಢಲಿಪಿಯನ್ನು ತೆಗೆದುಬಿಡುವುದು ವಾಸಿ, ಏಕೆಂದರೆ ಉಬುಂಟುವಿನ ಹಲವು ಆವೃತ್ತಿಗಳ ಇನ್‌ಸ್ಟಾಲರ್ ಬಿಟ್‌ಲಾಕರ್ ಕಂಡೊಡನೆ ಮೊದಲು ಅದನ್ನು ಆಫ್ ಮಾಡಿ ಬಾ ಎಂದು ಅಲ್ಲೇ ನಿಲ್ಲಿಸುತ್ತದೆ.

ವಿಂಡೋಸ್ ಲೈಸೆನ್ಸ್ ಹೋಗುತ್ತದೆ ಎಂಬ ಭಯಕ್ಕೆ ಮಾತ್ರ ಆಧಾರವಿಲ್ಲ. ಅಂಗಡಿಯಿಂದಲೇ ವಿಂಡೋಸ್ ಜೊತೆ ಬಂದ ಲ್ಯಾಪ್‌ಟಾಪಿನಲ್ಲಿ ಅದರ ಕೀ ಫರ್ಮ್‌ವೇರಿನಲ್ಲಿ ಅಚ್ಚಾಗಿರುತ್ತದೆ. ಅದೇ ಎಡಿಶನ್ ಮತ್ತೆ ಹಾಕಿದರೆ ತಾನೇ ಗುರುತು ಹಿಡಿಯುತ್ತದೆ.

ಮುಂದಿನದು ಜಾಗ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಸಿ ಡ್ರೈವ್ ಕುಗ್ಗಿಸಿ ಖಾಲಿ ಜಾಗ ಬಿಡಬೇಕು. ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಬೇಕು. ಇಲ್ಲವಾದರೆ ವಿಂಡೋಸ್ ಪೂರ್ತಿ ಮಲಗದೆ ಅರೆನಿದ್ದೆಯಲ್ಲಿದ್ದು, ಆಮೇಲೆ ಲಿನಕ್ಸಿನಿಂದ ಆ ಡ್ರೈವಿಗೆ ಬರೆಯಲು ಆಗುವುದಿಲ್ಲ. ಉಬುಂಟು ಕಡತ ಈಗ ಸುಮಾರು 6 ಜಿಬಿ, ಆದ್ದರಿಂದ 8 ಜಿಬಿ ಪೆನ್‌ಡ್ರೈವ್ ಸಾಕು.

ಫರ್ಮ್‌ವೇರಿನ ಒಳಗೆ ಕಂಪನಿಗೊಂದು ಪದ್ಧತಿ. ಡೆಲ್‌ನಲ್ಲಿ ಎಫ್2 ಸೆಟಪ್, ಎಫ್12 ಬೂಟ್ ಮೆನು. ಎಚ್‌ಪಿಯಲ್ಲಿ ಎಫ್10 ಮತ್ತು ಎಫ್9. ಅಲ್ಲಿ ಸೆಕ್ಯೂರ್ ಬೂಟ್ ಬದಲಿಸಿದರೆ ಮರುಚಾಲನೆಯಾದಾಗ ಪರದೆಯ ಮೇಲೆ ನಾಲ್ಕು ಅಂಕಿ ಬಂದು, ಅದನ್ನೇ ಟೈಪಿಸಿ ಎಂಟರ್ ಒತ್ತುವವರೆಗೆ ಮುಂದೆ ಹೋಗದು. ಲೆನೊವೊ ಐಡಿಯಾಪ್ಯಾಡುಗಳ ಅಂಚಿನಲ್ಲಿ ಸೂಜಿಮೊನೆ ತೂರುವಷ್ಟು ತೂತಿನ ನೋವೊ ಗುಂಡಿ ಇರುತ್ತದೆ. ಏಸರ್‌ನದು ಎಲ್ಲಕ್ಕಿಂತ ವಿಚಿತ್ರ. ಸೂಪರ್‌ವೈಸರ್ ಪಾಸ್‌ವರ್ಡ್ ಇಡುವ ತನಕ ಸೆಕ್ಯೂರ್ ಬೂಟಿನ ಸಾಲು ಮಸುಕಾಗಿಯೇ ಇರುತ್ತದೆ, ಒತ್ತಿದರೂ ಅಲುಗದು. ಕೆಲಸ ಮುಗಿದ ಮೇಲೆ ಆ ಪಾಸ್‌ವರ್ಡ್ ತೆಗೆಯದೆ ಮರೆತವರು ತಮ್ಮ ಗಣಕಕ್ಕೆ ತಾವೇ ಎರಡನೇ ಬೀಗ ಹಾಕಿಕೊಂಡಂತೆ.

ಎಲ್ಲ ಸರಿಯಾಗಿ ಇನ್‌ಸ್ಟಾಲರ್ ಎದ್ದರೂ ‘ಡಿಸ್ಕೇ ಇಲ್ಲ’ ಎಂದರೆ ಅದು ಇಂಟೆಲ್‌ನ ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ ಡಿಸ್ಕ್ ಕಂಟ್ರೋಲರ್ ಸೆಟ್ಟಿಂಗಿನ ಕಾಟ. ಏಸರಿನ ಹಲವು ಮಾದರಿಗಳಲ್ಲಿ ವಿಎಂಡಿ ಆಯ್ಕೆಯೇ ಅಡಗಿರುತ್ತದೆ; ಬಯೋಸಿನ ಮೇನ್ ಪುಟದಲ್ಲಿ ನಿಂತು ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಪ್ರತ್ಯಕ್ಷ. ಅದನ್ನು ಹಾಗೇ ಬದಲಿಸಿದರೆ ಲಿನಕ್ಸಿಗೆ ಡಿಸ್ಕ್ ಕಾಣುತ್ತದೆ, ಆದರೆ ವಿಂಡೋಸ್ ಏಳುವುದಿಲ್ಲ. ಬದಲಿಸುವ ಮುನ್ನ ವಿಂಡೋಸನ್ನು ಸೇಫ್ ಮೋಡಿನಲ್ಲಿ ಏಳುವಂತೆ ಗೊತ್ತುಮಾಡಿ, ಬದಲಿಸಿ, ಒಮ್ಮೆ ಸೇಫ್ ಮೋಡಿನಲ್ಲಿ ಎಬ್ಬಿಸಿದರೆ ಅದು ಹೊಸ ಡ್ರೈವರ್ ಹಿಡಿದುಕೊಳ್ಳುತ್ತದೆ. ಮತ್ತೆ ಮಾಮೂಲಿಗೆ ಮರಳಿಸಬಹುದು. ಈ ಒಂದು ಸುಳಿವು ಗೊತ್ತಿಲ್ಲದೆ ಇಡೀ ಡಿಸ್ಕ್ ಫಾರ್ಮ್ಯಾಟ್ ಹೊಡೆದ ಉದಾಹರಣೆಗಳಿಗೆ ಕೊರತೆಯಿಲ್ಲ.

ಸೆಕ್ಯೂರ್ ಬೂಟ್ ಚಾಲೂ ಇಟ್ಟುಕೊಂಡೇ ಹೊರಗಿನ ಡ್ರೈವರ್ ಬೇಕಾದಾಗ ಇನ್‌ಸ್ಟಾಲರ್ ಒಂದು ಪಾಸ್‌ವರ್ಡ್ ಕೇಳುತ್ತದೆ. ಮರುಚಾಲನೆಯಲ್ಲಿ ನೀಲಿ ಪರದೆ ಬಂದು ಹತ್ತೇ ಸೆಕೆಂಡ್ ಕಾಯುತ್ತದೆ. ಅಷ್ಟರೊಳಗೆ ಕೀ ಒತ್ತಿ, ‘ಎನ್‌ರೋಲ್ ಮಾಕ್’ ಆರಿಸಿ, ಅದೇ ಪಾಸ್‌ವರ್ಡ್ ಕೊಟ್ಟರೆ ಬಳಕೆದಾರರ ಸ್ವಂತ ಕೀಲಿ ಶಿಮ್ ಇಟ್ಟುಕೊಳ್ಳುವ ನಂಬಿಕಸ್ತ ಪಟ್ಟಿಗೆ ಸೇರುತ್ತದೆ. ಈ ಪರದೆಯನ್ನು ವೈರಸ್ಸೆಂದು ಹೆದರಿ ಪವರ್ ಗುಂಡಿ ಅದುಮುವವರೂ ಇದ್ದಾರೆ.

ಕೆಲಸವೆಲ್ಲ ಮುಗಿದು ವಿಂಡೋಸಿಗೆ ಹೋದಾಗ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಗಾಬರಿ ಬೇಡ. ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರಕ್ಕೆ ಯುಟಿಸಿ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ಭಾರತೀಯ ಸಮಯವೆಂದು ಓದುತ್ತದೆ. ಲಿನಕ್ಸಿಗೆ ಸ್ಥಳೀಯ ಸಮಯ ಇಡಲು ಹೇಳಿದರೆ ಆಯಿತು.

ಕೀಲಿಯ ಆಯಸ್ಸು

ಎರಡು ಓಎಸ್ ಒಂದೇ ಮನೆಯಲ್ಲಿದ್ದ ಮೇಲೆ ಒಂದರ ಅಪ್‌ಡೇಟ್ ಇನ್ನೊಂದಕ್ಕೆ ಏಟು ಕೊಡಬಹುದು. 2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಹಳೆಯ ಶಿಮ್‌ಗಳನ್ನು ತಿರಸ್ಕರಿಸುವ ನಿಯಮ ಬರೆದು, ಜಗತ್ತಿನಾದ್ಯಂತ ಡ್ಯುಯಲ್ ಬೂಟ್ ಗಣಕಗಳಲ್ಲಿ ಲಿನಕ್ಸ್ ಏಳದಂತೆ ಮಾಡಿತು. ಡ್ಯುಯಲ್ ಬೂಟ್ ಇರುವ ಕಡೆ ಆ ನಿಯಮ ಹಾಕುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತ್ತು, ಆದರೆ ಅದರ ಪತ್ತೆ ವಿಧಾನ ಎಲ್ಲವನ್ನೂ ಹಿಡಿಯಲಿಲ್ಲ. ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸಿನಿಂದ ಆ ನಿಯಮ ಅಳಿಸಿ, ಶಿಮ್ ನವೀಕರಿಸಿ ಮತ್ತೆ ಆನ್ ಮಾಡುವುದು ಪರಿಹಾರವಾಗಿತ್ತು.

ಶಿಮ್‌ಗೆ ಸಹಿ ಹಾಕುತ್ತ ಬಂದ ಮೈಕ್ರೋಸಾಫ್ಟಿನ 2011ರ ಪ್ರಮಾಣಪತ್ರದ ಅವಧಿ 2026ರ ಜೂನ್‌ವರೆಗೆ. ಅದರ ಜಾಗಕ್ಕೆ 2023ರ ಪ್ರಮಾಣಪತ್ರ ಬಂದಿದೆ. ಅವಧಿ ಮುಗಿದ ಮಾತ್ರಕ್ಕೆ ಇರುವ ಲಿನಕ್ಸ್ ನಿಲ್ಲುವುದಿಲ್ಲ. ಹೊಸ ಪ್ರಮಾಣಪತ್ರವಿಲ್ಲದ ಫರ್ಮ್‌ವೇರ್ ಮಾತ್ರ ಹೊಸ ಶಿಮ್ಮನ್ನು ಗುರುತಿಸದು. ಹಳೆಯ ಲ್ಯಾಪ್‌ಟಾಪಿಗೆ ಬಯೋಸ್ ಅಪ್‌ಡೇಟ್ ಹಾಕಿಕೊಳ್ಳಿ ಎಂಬ ಸಲಹೆಗೆ ಈಗ ಬೆಲೆ ಬಂದಿರುವುದು ಇದರಿಂದ.

ಕನ್ನಡದ ಬಳಕೆ

ಓಎಸ್ ಬದಲಾದರೆ ಕನ್ನಡ ಹೋಗುವುದಿಲ್ಲ. ಕನ್ನಡ ಗಣಕ ಪರಿಷತ್ತಿನ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲೇ ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲಿದೆ. ‘ನುಡಿ’ ತಂತ್ರಾಂಶದಲ್ಲಿ ಕೈ ಪಳಗಿದವರು ಹೊಸದಾಗಿ ಕಲಿಯಬೇಕಾದ್ದು ಹೆಚ್ಚಿಲ್ಲ. ಲೋಹಿತ್, ನವಿಲು, ಗುಬ್ಬಿ ಅಕ್ಷರವಿನ್ಯಾಸಗಳೂ ಸಿಗುತ್ತವೆ. ಆದರೆ ಡಿಟಿಪಿ ಮಾಡುವವರ ಪಾಡು ಬೇರೆ. ಅವರ ವರ್ಷಗಟ್ಟಲೆಯ ಕಡತಗಳು ಪೇಜ್‌ಮೇಕರ್‌ನಲ್ಲಿ, ಯುನಿಕೋಡ್ ಅಲ್ಲದ ನುಡಿ ಅಥವಾ ಶ್ರೀಲಿಪಿಯಲ್ಲಿವೆ. ಅಂಥವರಿಗೆ ಡ್ಯುಯಲ್ ಬೂಟೇ ಗತಿ, ವಿಂಡೋಸ್ ಅಳಿಸುವ ಮಾತಿಲ್ಲ.

ತೆರೆಯದ ಬೀಗಗಳು

ಇಲ್ಲಿಯವರೆಗೆ ಹೇಳಿದ್ದು ಕೀಲಿ ಮಾಲೀಕರ ಕೈಗೂ ಸಿಗುವ ಬೀಗಗಳ ಮಾತು. ಎಲ್ಲ ಗಣಕಗಳೂ ಹಾಗಿಲ್ಲ. ವಿಂಡೋಸ್ 8ರ ನಿಯಮದಲ್ಲೇ ಇಂಟೆಲ್ ಮಾದರಿಯ ಗಣಕಗಳಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಲು ಅವಕಾಶ ಕಡ್ಡಾಯವಾಗಿತ್ತು, ಎಆರ್‌ಎಂ ಗಣಕಗಳಲ್ಲಿ ನಿಷಿದ್ಧವಾಗಿತ್ತು. ಮೈಕ್ರೋಸಾಫ್ಟಿನದೇ ಟ್ಯಾಬ್ಲೆಟ್ ಸರ್ಫೇಸ್ ಆರ್‌ಟಿ ಅದಕ್ಕೆ ಬಲಿಯಾಯಿತು. ವಿಂಡೋಸ್ 10 ಬಂದಾಗ ಆ ಅವಕಾಶವನ್ನು ತಯಾರಕರ ಇಷ್ಟಕ್ಕೆ ಬಿಡಲಾಯಿತು. 2022ರಲ್ಲಿ ಲೆನೊವೊದ ಕೆಲವು ಥಿಂಕ್‌ಪ್ಯಾಡುಗಳು ಲಿನಕ್ಸಿನ ಶಿಮ್‌ಗೆ ಬೇಕಾದ ಪ್ರಮಾಣಪತ್ರವನ್ನೇ ಆಫ್ ಇಟ್ಟು ಬಂದವು, ಆದರೆ ಬಯೋಸಿನಲ್ಲಿ ಆನ್ ಮಾಡಲು ಆಯ್ಕೆಯಿತ್ತು.

2023ರಲ್ಲಿ 16,499 ರೂಪಾಯಿಗೆ ಬಂದ ಜಿಯೋಬುಕ್ ನೋಡಲು ಲ್ಯಾಪ್‌ಟಾಪ್, ಒಳಗೆ ಮೀಡಿಯಾಟೆಕ್ ಎಆರ್‌ಎಂ ಚಿಪ್ಪು ಮತ್ತು ಆಂಡ್ರಾಯ್ಡ್ ಮೂಲದ ಜಿಯೋಓಎಸ್. ಮಾಮೂಲಿ ವಿಂಡೋಸ್ ಅಥವಾ ಉಬುಂಟು ಪೆನ್‌ಡ್ರೈವ್ ಹಾಕಿ ಹೆಣಗಾಡುವುದು ವ್ಯರ್ಥ. ಅವು ಬೇರೆ ಜಾತಿಯ ಪ್ರೊಸೆಸರಿಗೆ ಬರೆದವು. ಕ್ರೋಮ್‌ಬುಕ್‌ನಲ್ಲಿ ಎಸ್ಕೇಪ್, ರಿಫ್ರೆಶ್, ಪವರ್ ಒತ್ತಿ ಡೆವಲಪರ್ ಮೋಡಿಗೆ ಹೋಗಬಹುದು. ಅದಕ್ಕೆ ಒಳಗಿನ ಎಲ್ಲ ಫೈಲುಗಳ ಬಲಿ ಬೇಕು. ಫರ್ಮ್‌ವೇರ್ ಬದಲಿಸಲು ಹಳೆಯ ಮಾದರಿಗಳಲ್ಲಿ ಮದರ್‌ಬೋರ್ಡಿನ ಮೇಲಿನ ಒಂದು ಸ್ಕ್ರೂ ತೆಗೆಯಬೇಕಿತ್ತು, ಈಚಿನ ಹಲವುಗಳಲ್ಲಿ ಬ್ಯಾಟರಿ ಬಿಡಿಸಬೇಕು. ಶಾಲೆ ಅಥವಾ ಕಂಪನಿಗೆ ನೋಂದಾಯಿಸಿದ್ದಾದರೆ ಡೆವಲಪರ್ ಮೋಡನ್ನೇ ಆಡಳಿತದವರು ಮುಚ್ಚಿರಬಹುದು.

ಕಂಪನಿಗಳು ಮಾರಿದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಬಯೋಸ್ ಪಾಸ್‌ವರ್ಡ್ ಉಳಿದಿದ್ದರೆ ಅದನ್ನು ತೆಗೆಸಿಕೊಡುವುದು ಮಾರಿದವರ ಹೊಣೆ. ಬಿಲ್ ಇಲ್ಲದೆ ಅಂಥದನ್ನು ಕೊಳ್ಳದಿರುವುದೇ ಕ್ಷೇಮ.

ಬೀಗ ಮುರಿಯುವ ವಿಷಯದಲ್ಲಿ ಭಾರತದ ಕಾನೂನು ಅಂದುಕೊಂಡಷ್ಟು ಬಿಗಿಯಲ್ಲ. 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಮು, ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆ ಮುರಿದವರಿಗೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ ಹೇಳುತ್ತದೆ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಕೆಲಸಕ್ಕಾಗಿ ಮುರಿದರೆ ಅಪರಾಧವಲ್ಲ. ಆದರೆ ಬೇರೆಯವರಿಗಾಗಿ ಮುರಿಯಲು ನೆರವಾಗುವವರು ಆ ವ್ಯಕ್ತಿಯ ಹೆಸರು, ವಿಳಾಸ ಮತ್ತು ಯಾವ ಉದ್ದೇಶಕ್ಕೆ ನೆರವಾದರೆಂಬ ಪೂರ್ತಿ ದಾಖಲೆ ಇಟ್ಟಿರಬೇಕು ಎಂದೂ ಅದೇ ಕಲಮು ಹೇಳುತ್ತದೆ.