ಸೋಯೆಯ ವೆಲಿಂಗ್ಟನ್: ಒಂದು ಟೋಪಿ ಬಿಲ್ಲೆ ಎಷ್ಟು ಹೇಳಬಲ್ಲದು?

ಸ್ಕಾಟ್ಲೆಂಡಿನ ಪಶ್ಚಿಮದ ಅಟ್ಲಾಂಟಿಕ್ ಸಾಗರದಲ್ಲಿರುವ ಸೇಂಟ್ ಕಿಲ್ಡಾ ದ್ವೀಪಸಮೂಹದ ಬಗ್ಗೆ ಬರೆಯುವವರು ಸೋಯೆ ದ್ವೀಪದ ವೆಲಿಂಗ್ಟನ್ ವಿಮಾನದ ಪ್ರಕರಣವನ್ನು ಸಾಮಾನ್ಯವಾಗಿ ಎರಡು ವಾಕ್ಯಗಳಲ್ಲಿ ಮುಗಿಸುತ್ತಾರೆ. ಅವಶೇಷಗಳ ನಡುವೆ ರಾಯಲ್ ಕೆನೇಡಿಯನ್ ಏರ್ ಫೋರ್ಸಿನ ಟೋಪಿ ಬಿಲ್ಲೆಯೊಂದು ಸಿಕ್ಕಿತು; ಆದ್ದರಿಂದ ಅದು 1942ರ ಸೆಪ್ಟೆಂಬರ್ 28ರಂದು ದಿಕ್ಕು ನಿರ್ಣಯದ ತರಬೇತಿ ಹಾರಾಟಕ್ಕೆ ಹೋಗಿ ಕಾಣೆಯಾದ ಎಚ್‌ಎಕ್ಸ್ 448 ಆಗಿರಬಹುದು. ಆ 'ಇರಬಹುದು' ಎಂಬ ಎಚ್ಚರ ಒಬ್ಬರಿಂದ ಒಬ್ಬರಿಗೆ ದಾಟುವಾಗ ಸವೆಯುತ್ತಾ ಹೋಗುತ್ತದೆ. ಎದುರಿಗೆ ಇನ್ನೊಂದು ವಿಮಾನವಿದೆ: 303ನೇ ಫೆರಿ ತರಬೇತಿ ಘಟಕಕ್ಕೆ ಸೇರಿದ, 1943ರ ಫೆಬ್ರುವರಿ 23ರಂದು ಇಲ್ಲವಾದ ಎಲ್‌ಎ 995. ಅದರ ಹಕ್ಕನ್ನು ತಳ್ಳಿಹಾಕಲು ಬಿಲ್ಲೆಯೊಂದೇ ಸಾಕೇ? ಸಾಲದು ಎಂಬುದು ಈ ಲೇಖನದ ವಾದ.

ವಾದಕ್ಕೆ ಮೊದಲು, ಇಂಥದೊಂದು ಪ್ರಶ್ನೆ ಇಷ್ಟು ವರ್ಷ ವಿದ್ವಾಂಸರ ಕೈಗೆ ಬಾರದೆ ಏಕೆ ಉಳಿಯಿತು ಎಂಬುದನ್ನು ನೋಡಬೇಕು. ಸೇಂಟ್ ಕಿಲ್ಡಾದ ಚರಿತ್ರೆ 1930ರ ಆಗಸ್ಟ್ 29ಕ್ಕೆ ನಿಂತುಬಿಡುತ್ತದೆ. ಅಂದು ಕೊನೆಯ 36 ಮಂದಿ ಹಿರ್ಟಾ ದ್ವೀಪ ಬಿಟ್ಟು ಹೊರಟರು. ಟಾಮ್ ಸ್ಟೀಲ್ 1965ರಲ್ಲಿ ಬರೆದ ಪುಸ್ತಕದ ಹೆಸರಿನಲ್ಲೇ ದ್ವೀಪದ ಬದುಕಿನ ಜೊತೆ ಸಾವೂ ಇದೆ. ಆ ಪುಸ್ತಕದ ಜನಪ್ರಿಯತೆಯಿಂದಾಗಿ 1930 ಎಂಬುದು ದ್ವೀಪದ ಮರಣದ ಇಸವಿಯಾಗಿ ಓದುಗರ ಮನಸ್ಸಿನಲ್ಲಿ ಕೂತಿತು. ಮೇರಿ ಹಾರ್ಮನ್ ಅವರ 1997ರ ಗ್ರಂಥ ಈ ವಿಷಯದಲ್ಲಿ ಇವತ್ತಿಗೂ ಅತ್ಯಂತ ನಂಬಿಕೆಗೆ ಅರ್ಹವಾದದ್ದು. ಅವರ ಶಿಸ್ತಿನ ಬಗ್ಗೆ ಎರಡು ಮಾತಿಲ್ಲ. ಆದರೆ ಅವರೂ ತಮ್ಮ ಗಡಿಯನ್ನು 1930ಕ್ಕೇ ಹಾಕಿಕೊಂಡವರು. ದ್ವೀಪವಾಸಿಗಳ ಚರಿತ್ರೆ ಬರೆಯುವವರಿಗೆ ಅದು ಸಹಜವಾದ ಗಡಿ. ತಪ್ಪು ಅವರದಲ್ಲ. ಜನರ ಚರಿತ್ರೆ ಮುಗಿದ ಕಡೆಯೇ ಜಾಗದ ಚರಿತ್ರೆಯೂ ಮುಗಿಯಿತು ಎಂದು ತಿಳಿದವರದು ತಪ್ಪು.

1930ರ ನಂತರ ಅಲ್ಲಿ ನಡೆದದ್ದು ಕಡಿಮೆಯಲ್ಲ. 1931ರಲ್ಲಿ ಡಂಫ್ರೀಸ್ ಪ್ರಭು ದ್ವೀಪಗಳನ್ನು ಕೊಂಡರು. ಮರುವರ್ಷ ಸೋಯೆಯಿಂದ 107 ಕುರಿಗಳನ್ನು ಹಿರ್ಟಾಕ್ಕೆ ಸಾಗಿಸಲಾಯಿತು. ಇಂದು ವಿಜ್ಞಾನಿಗಳು ಕಿವಿಗೆ ಗುರುತು ಹಾಕಿ, ತಲೆಮಾರುಗಳ ವಂಶಾವಳಿ ಬರೆದಿಟ್ಟು ಅಧ್ಯಯನ ಮಾಡುತ್ತಿರುವುದು ಆ ಹಿಂಡಿನ ಸಂತತಿಯನ್ನೇ. ಮನೆಗಳ ಒಳಗಿದ್ದ ಇಲಿಯ ಉಪಜಾತಿ ಜನ ಹೋದ ಮೇಲೆ ಅಳಿದುಹೋಯಿತು, ಹೊಲದ ಇಲಿ ಉಳಿಯಿತು. 1957ರಲ್ಲಿ ಸೇನೆಯ ರೇಡಾರ್ ಕೇಂದ್ರ ಬಂತು. ಇವುಗಳ ನಡುವೆ, ಒಬ್ಬ ನಿವಾಸಿಯೂ ಇಲ್ಲದ ಯುದ್ಧದ ವರ್ಷಗಳಲ್ಲಿ, ಮೂರು ವಿಮಾನಗಳು ಬಿದ್ದವು.

ಅವುಗಳಲ್ಲಿ ಎರಡರ ಬಗ್ಗೆ ತಕರಾರಿಲ್ಲ. ಐಲಾ ದ್ವೀಪದ ಪೋರ್ಟ್ ಎಲೆನ್ ನೆಲೆಯ ಬ್ಯೂಫೈಟರ್ ಎಲ್‌ಎಕ್ಸ್ 798, 1943ರ ಜೂನ್ 3ರ ರಾತ್ರಿ ಕಳೆದು 4ರ ಬೆಳಗಾಗುವುದರೊಳಗೆ ಕೊನಾಖರ್ ಬೆಟ್ಟಕ್ಕೆ ಅಪ್ಪಳಿಸಿತು. 430 ಮೀಟರ್ ಎತ್ತರದ ಆ ಬೆಟ್ಟದ ನೆತ್ತಿ ಅಲ್ಲಿಂದ ನೂರು ಮೀಟರಿನೊಳಗಿತ್ತು. ಮರುವರ್ಷ ಜೂನ್ 7ರಂದು, ನಾರ್ಮಂಡಿಯಲ್ಲಿ ಸೇನೆ ಇಳಿದ ಮಾರನೆಯ ದಿನ, ನಡುರಾತ್ರಿಗೆ ಸ್ವಲ್ಪ ಮೊದಲು, ಸಂಡರ್‌ಲ್ಯಾಂಡ್ ಎಂಎಲ್ 858 ಎಂಬ ನೀರ್ವಿಮಾನ ಗ್ಲೆನ್ ಮೋರ್ ಕಣಿವೆಯ ತಲೆಯಲ್ಲಿ ನಾಶವಾಯಿತು. ಅದರಲ್ಲಿ ಸತ್ತವರ ಸ್ಮರಣೆಗೆ ದ್ವೀಪದ ಚರ್ಚಿನೊಳಗೆ ಒಂದು ಚಿಕ್ಕ ಫಲಕವಿದೆ.

ಎರಡೂ ಹಿರ್ಟಾದವು. ಅಲ್ಲಿ ದೋಣಿ ಕಟ್ಟಲು ಕೊಲ್ಲಿಯಿದೆ, ನಡೆಯಲು ಹಾದಿಯಿದೆ. ಸೋಯೆಯಲ್ಲಿ ಇವೆರಡೂ ಇಲ್ಲ. ಸುಮಾರು 99 ಹೆಕ್ಟೇರಿನ ಈ ದ್ವೀಪ ಎಲ್ಲ ಕಡೆಯಿಂದಲೂ ಕಡಿದಾಗಿ ಏರಿ 378 ಮೀಟರ್ ಮುಟ್ಟುತ್ತದೆ. ಸಮುದ್ರ ತೀರಾ ಶಾಂತವಾಗಿದ್ದ ದಿನ ಮಾತ್ರ ಬಂಡೆಯ ಮೇಲೆ ಕಾಲಿಡಬಹುದು. ಹುಲ್ಲಿನ ಇಳಿಜಾರಿನಲ್ಲಿ ಪಫಿನ್ ಹಕ್ಕಿಗಳ ಬಿಲಗಳು, ಬಂಡೆಯ ಅಂಚುಗಳಲ್ಲಿ ಫುಲ್ಮರ್‌ಗಳ ಗೂಡುಗಳು. ಗುದ್ದಲಿ ಹಾಕುವ ಮಾತಿರಲಿ, ಹೆಜ್ಜೆ ಇಡುವುದಕ್ಕೂ ಯೋಚಿಸಬೇಕಾದ ನೆಲ. ದಕ್ಷಿಣ ಕರಾವಳಿಯ ಕಡೆ ಬಿದ್ದ ವೆಲಿಂಗ್ಟನ್ನಿನ ವಿಧಿವತ್ತಾದ ತನಿಖೆ 1978ರವರೆಗೆ ನಡೆಯದಿದ್ದುದಕ್ಕೆ ಈ ನೆಲವೇ ಬಹುಪಾಲು ಕಾರಣ. ವಿಮಾನ ಬಿದ್ದು ಅಷ್ಟೊತ್ತಿಗೆ ಮೂವತ್ತೈದು ವರ್ಷಗಳಾಗಿದ್ದವು.

ಈಗ ಸಾಕ್ಷ್ಯಕ್ಕೆ ಬರೋಣ. ಅದು ವೆಲಿಂಗ್ಟನ್ ಎಂಬುದರಲ್ಲಿ ಅನುಮಾನವಿಲ್ಲ. ಬಾರ್ನ್ಸ್ ವಾಲಿಸ್ ರೂಪಿಸಿದ ಈ ವಿಮಾನದ ಮೈ ಓರೆಪಟ್ಟಿಗಳನ್ನು ಒಂದರ ಮೇಲೊಂದು ಹೆಣೆದ ಲೋಹದ ಜಾಲ. ಅದರ ಮೇಲೆ ಬಟ್ಟೆಯ ಹೊದಿಕೆ. ಬಟ್ಟೆ ಕೊಳೆತರೂ ಜಾಲದ ತುಂಡುಗಳು ಉಳಿಯುತ್ತವೆ, ಅವುಗಳ ಹೆಣಿಗೆಯನ್ನು ಒಮ್ಮೆ ನೋಡಿದವರು ಬೇರೆ ವಿಮಾನದೊಂದಿಗೆ ಗೊಂದಲ ಮಾಡಿಕೊಳ್ಳಲಾರರು. ಆದರೆ ಜಾಲ ಹೇಳುವುದು ಜಾತಿಯನ್ನು, ವ್ಯಕ್ತಿಯನ್ನಲ್ಲ. ಎಚ್‌ಎಕ್ಸ್ 448, ಎಲ್‌ಎ 995 ಎರಡೂ ವೆಲಿಂಗ್ಟನ್‌ಗಳೇ.

ಆದ್ದರಿಂದ ಎಲ್ಲ ಭಾರವೂ ಬಿಲ್ಲೆಯ ಮೇಲೆ ಬಿದ್ದಿದೆ. ಅದು ಆ ವಿಮಾನದಲ್ಲಿದ್ದವರದೇ ಎಂದು ಒಪ್ಪೋಣ; ಅಂಥ ಜಾಗದಲ್ಲಿ ಅದು ಬೇರೆ ರೀತಿಯಲ್ಲಿ ಬಂದಿರುವ ಸಂಭವ ತೀರಾ ಕಡಿಮೆ. ಒಪ್ಪಿದ ಮೇಲೆ ಅದರಿಂದ ನೇರವಾಗಿ ಸಿದ್ಧವಾಗುವುದು ಇಷ್ಟೇ: ವಿಮಾನದಲ್ಲಿ ಕೆನಡಾ ವಾಯುಸೇನೆಯ ಒಬ್ಬನಾದರೂ ಇದ್ದ. ಇದಕ್ಕಿಂತ ಒಂದಕ್ಷರ ಹೆಚ್ಚಿಗೆ ಅದು ಹೇಳುವುದಿಲ್ಲ.

ಆ ಕಾಲದಲ್ಲಿ ಕೆನಡಾದವನೊಬ್ಬ ಬ್ರಿಟಿಷ್ ವಿಮಾನದಲ್ಲಿರುವುದು ಎಷ್ಟು ಅಪರೂಪ ಎಂಬುದರ ಮೇಲೆ ಈ ಸಾಕ್ಷ್ಯದ ತೂಕ ನಿಂತಿದೆ. ಅದು ಅಪರೂಪವಾಗಿರಲೇ ಇಲ್ಲ. 1939ರ ಡಿಸೆಂಬರ್ 17ರಂದು ಸಹಿಯಾದ ಕಾಮನ್‌ವೆಲ್ತ್ ವಾಯು ತರಬೇತಿ ಒಪ್ಪಂದದಡಿ ಕೆನಡಾದ ನೆಲದಲ್ಲಿ ತರಬೇತಿ ಮುಗಿಸಿದವರು 1,31,553 ಮಂದಿ. ಅವರಲ್ಲಿ ಕೆನಡಾ ಸೇನೆಯವರೇ ಹೆಚ್ಚು. ಒಪ್ಪಂದದ 15ನೇ ವಿಧಿ ಕೆನಡಾಕ್ಕೆ ತನ್ನದೇ ಸ್ಕ್ವಾಡ್ರನ್‌ಗಳ ಭರವಸೆ ಕೊಟ್ಟಿದ್ದರೂ, ಸಾಗರ ದಾಟಿದ ಕೆನಡಾ ವೈಮಾನಿಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸೇವೆ ಮಾಡಿದ್ದು ಬ್ರಿಟಿಷ್ ಘಟಕಗಳಲ್ಲಿ. ಒಬ್ಬೊಬ್ಬ, ಇಬ್ಬಿಬ್ಬರಂತೆ ಎಲ್ಲೆಡೆ ಹಂಚಿಹೋಗಿದ್ದರು. ತರಬೇತಿ ಘಟಕಗಳಲ್ಲಂತೂ ಪೈಲಟ್, ದಿಕ್ಕು ನೋಡುವವ, ವೈರ್‌ಲೆಸ್‌ನವ, ಬಂದೂಕಿನವ ಎಲ್ಲರೂ ಬೇರೆ ಬೇರೆ ದೇಶದವರಾಗಿರುವುದು ಸಾಮಾನ್ಯ ಸಂಗತಿ. ಎಚ್‌ಎಕ್ಸ್ 448 ಸೇರಿದ್ದ 7ನೇ ಕಾರ್ಯಾಚರಣಾ ತರಬೇತಿ ಘಟಕ, ಎಲ್‌ಎ 995 ಸೇರಿದ್ದ ಫೆರಿ ಘಟಕ ಎರಡಕ್ಕೂ ಈ ಮಾತು ಸಲ್ಲುತ್ತದೆ.

ಹಾಗಾದರೆ ಬಿಲ್ಲೆಗೆ ಬೆಲೆಯೇ ಇಲ್ಲವೇ? ಇದೆ, ಒಂದೇ ಒಂದು ಷರತ್ತಿನ ಮೇಲೆ. ಒಂದು ವಿಮಾನದ ಸಿಬ್ಬಂದಿಯಲ್ಲಿ ಕೆನಡಾದವರಿದ್ದು, ಇನ್ನೊಂದರಲ್ಲಿ ಒಬ್ಬನೂ ಇಲ್ಲದಿದ್ದರೆ ಬಿಲ್ಲೆ ನಿರ್ಣಾಯಕ. ಎರಡರಲ್ಲೂ ಇದ್ದರೆ ಅದು ಮೂಕ. ಎಂದರೆ ಇಲ್ಲಿ ಮುಖ್ಯ ಸಾಕ್ಷಿ ಎರಡು ಸಿಬ್ಬಂದಿ ಪಟ್ಟಿಗಳು. ಬಿಲ್ಲೆ ಅವುಗಳ ಹಿಂದೆ ನಿಲ್ಲುವ ಪೂರಕ ಸಾಕ್ಷಿ. ಪಟ್ಟಿಗಳನ್ನು ಪಕ್ಕಪಕ್ಕ ಅಚ್ಚು ಹಾಕದೆ ಬಿಲ್ಲೆಯನ್ನಷ್ಟೇ ಮುಂದೆ ಹಿಡಿಯುವ ಬರಹಗಳನ್ನು ಸಂಶೋಧನೆ ಎಂದು ಕರೆಯುವುದು ಕಷ್ಟ.

ಬಿಲ್ಲೆಯ ಒಳಗೇ ಇನ್ನೊಂದು ಸುಳಿವಿದೆ, ಅದನ್ನು ಮರುಕಥಕರು ಕೈಬಿಟ್ಟಿದ್ದಾರೆ. ಸಾರ್ಜೆಂಟ್ ಮತ್ತು ಅದಕ್ಕೂ ಕೆಳಗಿನ ದರ್ಜೆಯವರ ಟೋಪಿಯಲ್ಲಿ ಇರುತ್ತಿದ್ದುದು ಹಿತ್ತಾಳೆಯ ಬಿಲ್ಲೆ: ಎಲೆಗಳ ಸುತ್ತುಹಾರದ ನಡುವೆ ಸೇನೆಯ ಹೆಸರಿನ ಮೊದಲಕ್ಷರಗಳು, ಮೇಲೆ ಕಿರೀಟ. ಅಧಿಕಾರಿಗಳ ಬಿಲ್ಲೆಯಲ್ಲಿ ಅಕ್ಷರಗಳ ಬದಲು ಹದ್ದು. ಸಿಕ್ಕಿದ್ದು ಯಾವ ಬಗೆಯದು ಎಂಬುದನ್ನು ಸರಿಯಾಗಿ ವಿವರಿಸಿದರೆ ಅದನ್ನು ಧರಿಸಿದವನ ದರ್ಜೆ ತಿಳಿಯುತ್ತದೆ. ದರ್ಜೆಯನ್ನು ಪಟ್ಟಿಗಳ ಮುಂದಿಟ್ಟರೆ ಹೆಸರುಗಳು ಬೆರಳೆಣಿಕೆಗೆ ಇಳಿಯುತ್ತವೆ. 'ಕೆನಡಾದ ಬಿಲ್ಲೆ' ಎಂದಷ್ಟೇ ಬರೆದು ಮುಂದೆ ಹೋಗುವುದು ಕೈಗೆ ಬಂದ ಸಾಕ್ಷಿಯ ಅರ್ಧ ಹೇಳಿಕೆಯನ್ನು ಮಾತ್ರ ದಾಖಲಿಸಿಕೊಂಡಂತೆ.

ಬಿಲ್ಲೆಯ ಆಚೆಗೆ ಹೋದರೂ ಸನ್ನಿವೇಶದ ಸಾಕ್ಷ್ಯ ಯಾರ ಕಡೆಗೂ ವಾಲುವುದಿಲ್ಲ. 7ನೇ ತರಬೇತಿ ಘಟಕದ ನೆಲೆ ಉತ್ತರ ಐರ್ಲೆಂಡಿನ ಲಿಮವಾಡಿ. ಅಲ್ಲಿಂದ ಸೋಯೆಗೆ ನೇರ ದೂರ ಸುಮಾರು 320 ಕಿಲೋಮೀಟರ್. ಎರಡು ಸಾವಿರ ಕಿಲೋಮೀಟರ್ ಮೀರಿ ಹಾರಬಲ್ಲ ವಿಮಾನಕ್ಕೆ, ಅದರಲ್ಲೂ ದಿಕ್ಕು ನಿರ್ಣಯದ ತರಬೇತಿಯಲ್ಲಿದ್ದ ವಿಮಾನಕ್ಕೆ, ಅದು ದೂರವಲ್ಲ. ಇತ್ತ ಫೆರಿ ಘಟಕಗಳ ಕೆಲಸವೇ ಹೊರದೇಶಗಳಿಗೆ ವಿಮಾನ ಒಯ್ಯುವವರನ್ನು ಸಮುದ್ರದ ಮೇಲಿನ ದೀರ್ಘ ಹಾರಾಟಕ್ಕೆ ಪಳಗಿಸುವುದು. ಇಬ್ಬರೂ ಈ ಆಕಾಶದಲ್ಲಿ ಇರಬಹುದಾದವರೇ. ಬೆಳದಿಂಗಳ ಲೆಕ್ಕ ಹಾಕಿ ನೋಡಿದರೂ ಫಲ ಅದೇ. 1942ರಲ್ಲಿ ಹುಣ್ಣಿಮೆ ಸೆಪ್ಟೆಂಬರ್ 24ಕ್ಕೆ, 1943ರಲ್ಲಿ ಫೆಬ್ರುವರಿ 20ಕ್ಕೆ. ಒಂದು ವಿಮಾನ ಹುಣ್ಣಿಮೆಯ ನಾಲ್ಕನೇ ದಿನ ಹೋಯಿತು, ಇನ್ನೊಂದು ಮೂರನೇ ದಿನ. ಒಂದು ರಾತ್ರಿ ಕಗ್ಗತ್ತಲು, ಇನ್ನೊಂದು ಬೆಳಕು ಎಂದು ವಾದಿಸಲು ಪಂಚಾಂಗ ಅವಕಾಶ ಕೊಡುವುದಿಲ್ಲ.

ಉಳಿದಿರುವ ದಾರಿ ಕಾಗದಪತ್ರ ಮತ್ತು ಲೋಹ. ತರಬೇತಿ ಘಟಕಗಳ ದಿನಚರಿ ಪುಸ್ತಕಗಳು ಲಂಡನ್ನಿನ ಕ್ಯೂ ಪ್ರದೇಶದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಪ್ರತಿ ವಿಮಾನದ ಓಡಾಟದ ಕಾರ್ಡು 78ನೇ ನಮೂನೆಯಲ್ಲಿ, ಅಪಘಾತದ ಕಾರ್ಡು 1180ನೇ ನಮೂನೆಯಲ್ಲಿ ತುಂಬಲ್ಪಡುತ್ತಿತ್ತು. ಯುದ್ಧದಲ್ಲಿ ಸತ್ತ ಕೆನಡಾ ಸೈನಿಕರ ಸೇವಾ ಕಡತಗಳು ಆ ದೇಶದ ಪತ್ರಾಗಾರದಲ್ಲಿ ಸಾರ್ವಜನಿಕರಿಗೆ ತೆರೆದಿವೆ. ಲೋಹದ ಕಡೆಯಿಂದ ಬೇಕಾದದ್ದು ಎಂಜಿನ್ನಿನ ಸಂಖ್ಯೆ, ತಯಾರಕರ ತಗಡು, ತಪಾಸಣೆಯ ಮುದ್ರೆ. ನೆಲ ಅಗೆಯದೆ, ಹಕ್ಕಿಗಳು ಗೂಡು ಬಿಟ್ಟ ಮೇಲೆ ಹೋಗಿ, ಮೇಲೆ ಕಾಣುವ ತುಂಡುಗಳ ಗುರುತುಗಳನ್ನು ಒಂದೊಂದಾಗಿ ಚಿತ್ರ ತೆಗೆದು ಬರೆದುಕೊಳ್ಳುವ ಕೆಲಸ ಇದು. (ನೆನಪಿಗೆಂದು ಒಂದು ತುಂಡನ್ನು ಜೇಬಿಗಿಳಿಸುವ ಹವ್ಯಾಸಿಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು: ಹಾಗೆ ಹೋದ ಪ್ರತಿ ತಗಡೂ ಸತ್ತವರ ಗುರುತನ್ನೇ ಕೊಂಡೊಯ್ಯುತ್ತದೆ.)

ಕಾನೂನೂ ಈ ಎಚ್ಚರವನ್ನೇ ಕೇಳುತ್ತದೆ. ಸೇಂಟ್ ಕಿಲ್ಡಾ ತನ್ನ ನಿಸರ್ಗಕ್ಕಾಗಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ. ಬ್ರಿಟನ್ನಿನ ಸೇನಾ ಅವಶೇಷಗಳ ಸಂರಕ್ಷಣಾ ಕಾಯ್ದೆ ಬಂದದ್ದೂ ಅದೇ ವರ್ಷ. ಸೇವೆಯಲ್ಲಿದ್ದಾಗ ಬಿದ್ದ ಸೇನಾ ವಿಮಾನದ ಅವಶೇಷಗಳನ್ನು ಅನುಮತಿಯಿಲ್ಲದೆ ಕದಲಿಸುವುದು ಅದರ ಪ್ರಕಾರ ಅಪರಾಧ. 2005ರಲ್ಲಿ ಸಂಸ್ಕೃತಿಯ ಆಧಾರದ ಮೇಲೂ ದ್ವೀಪಗಳಿಗೆ ಮಾನ್ಯತೆ ಸಿಕ್ಕಿತು. ಅಷ್ಟರೊಳಗೆ ಅಲ್ಲಿನ ಕಲ್ಲಿನ ಉಗ್ರಾಣಗಳಾದ ಕ್ಲೀಟ್‌ಗಳನ್ನು, ಹಿರ್ಟಾ ಒಂದರಲ್ಲೇ ಸುಮಾರು 1,260ನ್ನು, ಎಣಿಸಿ ಗುರುತಿಸಲಾಗಿತ್ತು. ಜೆಫ್ರಿ ಸ್ಟೆಲ್ ಮತ್ತು ಹಾರ್ಮನ್ 1988ರಲ್ಲಿ ಕಟ್ಟಡಗಳ ಬಗ್ಗೆ ಪ್ರಕಟಿಸಿದ ಗ್ರಂಥ ಇಂಥ ಕೆಲಸಕ್ಕೆ ಮೇಲ್ಪಂಕ್ತಿ. ಅಲ್ಲಿನ ಪುಟ್ಟ ರೆನ್ ಹಕ್ಕಿಯ ರಕ್ಷಣೆಗೆ ಬ್ರಿಟಿಷ್ ಸಂಸತ್ತು 1904ರಷ್ಟು ಹಿಂದೆಯೇ ಕಾಯ್ದೆ ಮಾಡಿತ್ತು. ಇಷ್ಟೆಲ್ಲ ಕಾಳಜಿ ಪಡೆದ ದ್ವೀಪಗಳಲ್ಲಿ ಒಂದು ವಿಮಾನದ ಸಿಬ್ಬಂದಿಗೆ ಮಾತ್ರ ಊಹೆಯ ಹೆಸರು ಸಾಕು ಎನ್ನುವುದು ಒಪ್ಪುವಂಥದ್ದಲ್ಲ.

1918ರ ಉದಾಹರಣೆಯೂ ಇಲ್ಲಿ ಪ್ರಸ್ತುತ. ಆ ವರ್ಷ ಮೇ 15ರಂದು ಜರ್ಮನ್ ಜಲಾಂತರ್ಗಾಮಿ ಯು-90 ಹಿರ್ಟಾದ ಕೊಲ್ಲಿಗೆ ಬಂದು, ಮೊದಲು ಎಚ್ಚರಿಕೆ ಕೊಟ್ಟು, ಆಮೇಲೆ 72 ಗುಂಡುಗಳನ್ನು ಹಾರಿಸಿತು. ನೌಕಾಪಡೆಯ ವೈರ್‌ಲೆಸ್ ಕೇಂದ್ರ ನಾಶವಾಯಿತು; ಚರ್ಚು, ಪಾದ್ರಿಯ ಮನೆ, ದಕ್ಕೆಯ ಉಗ್ರಾಣಕ್ಕೆ ಏಟು ಬಿತ್ತು; ಒಬ್ಬರೂ ಸಾಯಲಿಲ್ಲ. ಆಮೇಲೆ ತಂದು ನಿಲ್ಲಿಸಿದ ನಾಲ್ಕಿಂಚಿನ ತೋಪು ಶತ್ರುವಿನ ಮೇಲೆ ಒಮ್ಮೆಯೂ ಸಿಡಿಯಲಿಲ್ಲ, ಈಗಲೂ ಅಲ್ಲೇ ಇದೆ. ಈ ಘಟನೆಯ ಪ್ರತಿ ವಿವರ ನಮಗೆ ಗೊತ್ತಿರುವುದು ಅಂದು ಕಣ್ಣಾರೆ ಕಂಡು ಹೇಳಲು ಊರಿನವರಿದ್ದರು ಎಂಬ ಕಾರಣಕ್ಕೆ. ಸೋಯೆಯಲ್ಲಿ ವಿಮಾನ ಬಿದ್ದಾಗ ಸುತ್ತ ಇದ್ದದ್ದು ಕುರಿ ಮತ್ತು ಹಕ್ಕಿ. ಸಾಕ್ಷಿಯಿಲ್ಲದ ಕಡೆ ವಸ್ತುಗಳೇ ಮಾತಾಡಬೇಕು. ಅವುಗಳ ಬಾಯಿಗೆ ನಮ್ಮ ಮಾತು ತುರುಕಬಾರದು.

ಎಚ್‌ಎಕ್ಸ್ 448ರ ಪರವಾದ ತೀರ್ಮಾನ ಮುಂದೊಂದು ದಿನ ನಿಜವೆಂದೇ ಸಿದ್ಧವಾಗಬಹುದು. ಆಗಲೂ ಅದನ್ನು ಸಿದ್ಧಪಡಿಸಿದ್ದು ಸಿಬ್ಬಂದಿ ಪಟ್ಟಿ ಮತ್ತು ಲೋಹದ ಮೇಲಿನ ಸಂಖ್ಯೆ ಆಗಿರಬೇಕು. ಅಲ್ಲಿಯವರೆಗೆ ಸೇಂಟ್ ಕಿಲ್ಡಾದ ಬಗ್ಗೆ ಬರೆಯುವವರು, ಕೈಪಿಡಿ ಅಚ್ಚು ಹಾಕುವವರು, ಸೋಯೆಯ ವೆಲಿಂಗ್ಟನ್ನಿನ ಮುಂದೆ ಎರಡೂ ವಿಮಾನಗಳ ಸಂಖ್ಯೆ, ಎರಡೂ ದಿನಾಂಕ ಮತ್ತು ಎರಡೂ ಸಿಬ್ಬಂದಿಯ ಹೆಸರುಗಳನ್ನು ಒಟ್ಟಿಗೆ ಕೊಡಲಿ.