ಬಂದ ಮೇಲೆ ಹೆಸರಿಟ್ಟರು

1880ರ ಜೂನ್ ತಿಂಗಳು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಸಸ್ಯೋದ್ಯಾನದಲ್ಲಿ ಅಮೆಜಾನಿನ ದೈತ್ಯ ನೈದಿಲೆಗೆಂದು ಕಟ್ಟಿದ್ದ ಬೆಚ್ಚಗಿನ ನೀರಿನ ತೊಟ್ಟಿಯೊಳಗೆ, ನಾಣ್ಯದಷ್ಟಗಲದ ಪಾರದರ್ಶಕ ಜೀವಿಗಳು ಕೊಡೆ ಬಿಚ್ಚಿ ಮಡಿಸಿದಂತೆ ಏಳುತ್ತ ಇಳಿಯುತ್ತ ಇದ್ದವು. ಮೊದಲು ಕಂಡವರು ವಿಲಿಯಂ ಸವರ್ಬಿ. ಸಿಹಿನೀರಿನಲ್ಲಿ ಜೆಲ್ಲಿಫಿಶ್! ರೇ ಲ್ಯಾಂಕೆಸ್ಟರ್ ಮತ್ತು ಜಾರ್ಜ್ ಆಲ್ಮನ್ ಎಂಬ ಇಬ್ಬರು ಪ್ರಾಣಿವಿಜ್ಞಾನಿಗಳು ಪೈಪೋಟಿಗೆ ಬಿದ್ದು ಅದೇ ತಿಂಗಳು ಎರಡು ಬೇರೆ ಬೇರೆ ಹೆಸರಿಟ್ಟರು. ಅದರ ತವರು ಚೀನಾದ ಯಾಂಗ್ಸಿ ಕಣಿವೆಯೆಂದು ಖಚಿತವಾದದ್ದು ಬಹಳ ಕಾಲದ ಮೇಲೆ.

ಬ್ರಿಟನ್ನಿನ ನದಿ, ಕೆರೆಗಳಿಗೆ ಬಂದ ಪರದೇಶದ ಅಕಶೇರುಕಗಳ ಅಧ್ಯಯನ ಹೀಗೆ ನಾಮಕರಣದ ಸಂಭ್ರಮದಿಂದಲೇ ಶುರುವಾಯಿತು. ಹೆಸರಿಡುವ ಉತ್ಸಾಹ ಎಷ್ಟೆಂದರೆ ಕೆಲವೊಮ್ಮೆ ನೆಂಟನನ್ನೇ ಮನೆಮಗನೆಂದು ಬರೆದುಕೊಂಡದ್ದೂ ಉಂಟು. ಥೇಮ್ಸ್ ಅಳಿವೆಯಲ್ಲಿ ಸಿಕ್ಕ ಅಕ್ಕಿಕಾಳಿನ ಗಾತ್ರದ ಬಸವನಹುಳುವಿಗೆ 1889ರಲ್ಲಿ ಎಡ್ಗರ್ ಸ್ಮಿತ್ ‘ಹೈಡ್ರೋಬಿಯಾ ಜೆಂಕಿನ್ಸಿ’ ಎಂದು ಹೊಸ ಪ್ರಭೇದದ ಪಟ್ಟ ಕಟ್ಟಿದರು. ಅಸಲಿಗೆ ಅದು ನ್ಯೂಜಿಲೆಂಡಿನದು. ಅಲ್ಲಿನ ಹುಳುವಿಗೆ 1843ರಲ್ಲೇ ಬೇರೆ ಹೆಸರಿಡಲಾಗಿತ್ತು. ಬ್ರಿಟನ್ನಿನಲ್ಲಿ ಇರುವವು ಬಹುಪಾಲು ಹೆಣ್ಣುಗಳೇ. ಗಂಡಿನ ಹಂಗಿಲ್ಲದೆ ಮರಿ ಹಾಕುವುದರಿಂದ, ಒಂದೇ ಒಂದು ಹುಳು ಹೊಸ ತೊರೆಗೆ ಬಿದ್ದರೆ ಸಾಕು. ಕೊಡಗಿನ ಕಾಫಿ ತೋಟಗಳಲ್ಲಿ ಆಫ್ರಿಕಾದ ದೈತ್ಯ ಬಸವನಹುಳುವನ್ನು ಬಕೆಟ್ಟಿನಲ್ಲಿ ಆರಿಸಿ ಸುಸ್ತಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜೀಬ್ರಾ ಚಿಪ್ಪು ಇವೆಲ್ಲಕ್ಕಿಂತ ಹಳಬ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರಗಳ ಸೀಮೆಯ ಈ ಪಟ್ಟೆಪಟ್ಟೆ ಚಿಪ್ಪು 1824ರಲ್ಲೇ ಲಂಡನ್ನಿನ ಹಡಗುಕಟ್ಟೆಯಲ್ಲಿ ಕಾಣಿಸಿಕೊಂಡಿತ್ತು. ಬಾಲ್ಟಿಕ್ ಕಡೆಯ ಮರದ ದಿಮ್ಮಿಗಳ ಜೊತೆ ಬಂದಿರಬೇಕು. ಮುಂದೆ ಕಾಲುವೆಗಳ ಜಾಲವೇ ಅದಕ್ಕೆ ಹೆದ್ದಾರಿಯಾಯಿತು. ಆದರೂ ನೀರು ಸರಬರಾಜಿನ ಕೊಳವೆಗಳನ್ನು ಮುಚ್ಚಿಹಾಕುವವರೆಗೆ ಅದು ಚಿಪ್ಪು ಸಂಗ್ರಹಿಸುವವರ ಆಸಕ್ತಿಯ ವಸ್ತುವಾಗಿಯೇ ಉಳಿಯಿತು.

ಪ್ರಶ್ನೆಯನ್ನು ತಿರುಗಿಸಿ ಹಾಕಿದವರು ಆಕ್ಸ್‌ಫರ್ಡಿನ ಚಾರ್ಲ್ಸ್ ಎಲ್ಟನ್. ಬಿಬಿಸಿ ರೇಡಿಯೊ ಭಾಷಣಗಳಿಂದ ಬೆಳೆದ ಅವರ 1958ರ ಪುಸ್ತಕ, ಹೊಸ ಜೀವಿ ಯಾವುದು ಎನ್ನುವುದನ್ನು ಬದಿಗಿಟ್ಟು, ಬಂದದ್ದು ಏನು ಮಾಡುತ್ತದೆ ಎಂದು ಕೇಳಿತು. ಅವರ ಉದಾಹರಣೆಗಳಲ್ಲಿ ಚೀನಾದ ಕೈಗವಸು ಏಡಿಯೂ ಒಂದು. ಕೊಂಡಿಯ ಮೇಲೆ ತುಪ್ಪಟದ ಗವಸು ತೊಟ್ಟಂತಿರುವ ಈ ಏಡಿ ಥೇಮ್ಸಿನಲ್ಲಿ 1935ರಲ್ಲಿ ಸಿಕ್ಕಿತ್ತು, ಚೆಲ್ಸಿಯ ಲಾಟ್ಸ್ ರೋಡ್ ವಿದ್ಯುತ್ ಸ್ಥಾವರದಲ್ಲಿ. ದಂಡೆಗಳನ್ನು ಕೊರೆಯುವಷ್ಟು ಸಂಖ್ಯೆಗೆ ಅದು ಏರಿದ್ದು ಅರ್ಧ ಶತಮಾನ ದಾಟಿದ ಮೇಲೆ. ಇಷ್ಟು ವರ್ಷ ಸುಮ್ಮನಿದ್ದು ಆಮೇಲೆ ಎದ್ದು ನಿಲ್ಲುವ ಈ ಗುಣ, ಎಚ್ಚರಿಸುವ ವಿಜ್ಞಾನಿಯ ಮಾತಿಗೆ ಬೆಲೆ ಇಲ್ಲದಂತೆ ಮಾಡಿಬಿಡುತ್ತದೆ.

ಎಲ್ಟನ್ ಮಾತನ್ನು ಸರಕಾರ ಕೇಳಿಸಿಕೊಳ್ಳಲಿಲ್ಲ ಎನ್ನಲು ಕ್ರೇಫಿಶ್ ಕಥೆ ಸಾಕು. ಹೆಸರಿನಲ್ಲಿ ಮೀನು, ಮೈ ಸಿಗಡಿಯದು, ಕೊಂಡಿ ಏಡಿಯದು. 1970ರ ದಶಕದಲ್ಲಿ, ರೈತರಿಗೆ ಉಪಕಸುಬಾಗಲಿ, ಸ್ವೀಡನ್ ಕಡೆಗೆ ರಫ್ತಾಗಲಿ ಎಂದು ಅಮೆರಿಕದ ಸಿಗ್ನಲ್ ಕ್ರೇಫಿಶ್ ಸಾಕಣೆಗೆ ಕೃಷಿ ಸಚಿವಾಲಯವೇ ಪ್ರೋತ್ಸಾಹ ಕೊಟ್ಟಿತು. ಅದು ಕೊಳಗಳಲ್ಲಿ ನಿಲ್ಲಲಿಲ್ಲ. ರಾತ್ರಿ ನೆಲದ ಮೇಲೆ ನಡೆದೇ ಪಕ್ಕದ ಹೊಳೆ ಸೇರಿತು. ಜೊತೆಗೆ ತನ್ನನ್ನು ಬಾಧಿಸದ, ಆದರೆ ಅಲ್ಲಿನ ಬಿಳಿಕೊಂಡಿಯ ಕ್ರೇಫಿಶ್ ಅನ್ನು ಸಾಮೂಹಿಕವಾಗಿ ಕೊಲ್ಲುವ ರೋಗವನ್ನೂ ಒಯ್ದಿತು. ಬಿಳಿಕೊಂಡಿಯದು ಇಂದು ಅಳಿವಿನಂಚಿನ ಪಟ್ಟಿಯಲ್ಲಿದೆ. ಉಳಿದವನ್ನು ಹೊಳೆಗಳ ಸಂಪರ್ಕವಿಲ್ಲದ ಹಳೆಯ ಕಲ್ಲುಕ್ವಾರಿಗಳಂಥ ಜಾಗಗಳಿಗೆ ಸಾಗಿಸಿ ಕಾಪಾಡುತ್ತಿದ್ದಾರೆ. ಜೀವಂತ ಕ್ರೇಫಿಶ್ ಇಟ್ಟುಕೊಳ್ಳುವುದಕ್ಕೆ ಕಡಿವಾಣದ ಆದೇಶ ಬಂದದ್ದು 1996ರಲ್ಲಿ.

ಬೋನಿಟ್ಟು ಹಿಡಿದು ಮುಗಿಸೋಣ ಎಂದವರಿಗೂ ಪಾಠವಾಯಿತು. ಯಾರ್ಕ್‌ಶೈರಿನ ಒಂದು ತೊರೆಯಲ್ಲಿ ಸಂಶೋಧಕರು ಒಂದೊಂದು ತುಂಡಿನ ನೀರನ್ನು ಮೂರು ಮೂರು ಸಲ ಬಸಿದು, ಕಲ್ಲು ಮಗುಚಿ, ಕೈಯಾರೆ ಎಣಿಸಿದರು. ಬೋನಿಗೆ ಬೀಳುತ್ತಿದ್ದ ದೊಡ್ಡವು ಲೆಕ್ಕದಲ್ಲಿ ಒಂದು ಚೂರು ಮಾತ್ರ, ಮಿಕ್ಕದ್ದೆಲ್ಲ ಬೋನಿನ ಕಣ್ಣಿಗೆ ಬೀಳದ ಮರಿಗಳು. ದಶಕಗಳ ಬೋನಿನ ಅಂಕಿಅಂಶಗಳನ್ನು ನಂಬಿ ಹೇಳಿದ್ದನ್ನೆಲ್ಲ ಮತ್ತೊಮ್ಮೆ ನೋಡಬೇಕಾಗಿದೆ. ಈ ಕ್ಷೇತ್ರದಲ್ಲಿ ನಾನು ಓದಿದ ಅತ್ಯಂತ ಪ್ರಾಮಾಣಿಕ ಕೆಲಸಗಳಲ್ಲಿ ಇದೂ ಒಂದು.

ಕೇಂಬ್ರಿಜ್ಜಿನ ಡೇವಿಡ್ ಆಲ್ಡ್ರಿಜ್ ಹಿಡಿದದ್ದು ಉಪಾಯದ ದಾರಿ. ನೀರಿಗೆ ಕ್ಲೋರಿನ್ ಬಿಟ್ಟರೆ ಜೀಬ್ರಾ ಚಿಪ್ಪು ಬಾಯಿ ಮುಚ್ಚಿ ದಿನಗಟ್ಟಲೆ ಕೂರುತ್ತದೆ. ಹಾಗಾಗಿ ವಿಷವನ್ನು ಕೊಬ್ಬಿನ ಸೂಕ್ಷ್ಮ ಗುಳಿಗೆಯೊಳಗೆ ಇಟ್ಟರೆ, ನೀರು ಸೋಸಿ ತಿನ್ನುವ ಪ್ರಾಣಿ ಅದನ್ನು ಊಟವೆಂದು ತಾನೇ ನುಂಗುತ್ತದೆ. 2006ರಲ್ಲಿ ಪ್ರಕಟವಾದ ಈ ವಿಧಾನ ಕೊಳವೆಗೆ ಸರಿ, ನದಿಗೆ ಅಲ್ಲ.

2010ರ ಸೆಪ್ಟೆಂಬರಿನಲ್ಲಿ ಕೇಂಬ್ರಿಜ್‌ಶೈರಿನ ಗ್ರಾಫಮ್ ಜಲಾಶಯದಲ್ಲಿ ಗಾಳ ಹಾಕುತ್ತಿದ್ದವರಿಗೆ ‘ಕೊಲೆಗಡುಕ ಸೀಗಡಿ’ ಸಿಕ್ಕಿತು. ಡ್ಯಾನ್ಯೂಬ್ ಸೀಮೆಯ ಈ ಪ್ರಾಣಿಗೆ ಪಶ್ಚಿಮದ ಬಾಗಿಲು ತೆರೆದದ್ದು 1992ರಲ್ಲಿ ರೈನ್ ಮತ್ತು ಡ್ಯಾನ್ಯೂಬ್ ನದಿಗಳನ್ನು ಜೋಡಿಸಿದ ಕಾಲುವೆ. ಗ್ರಾಫಮ್‌ನಲ್ಲಿ ಸಿಕ್ಕ ಮರುವರ್ಷವೇ ‘ನೋಡಿ, ತೊಳೆಯಿರಿ, ಒಣಗಿಸಿ’ ಅಭಿಯಾನ ಶುರುವಾಯಿತು. ಗಾಳ, ಬಲೆ, ಬೂಟುಗಳನ್ನು 45 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 15 ನಿಮಿಷ ಅದ್ದಿಟ್ಟರೆ ಅಂಟಿಕೊಂಡ ಜೀವಿಗಳು ಬಹುತೇಕ ಸಾಯುತ್ತವೆ ಎಂದು ಪ್ರಯೋಗಗಳು ತೋರಿಸಿದವು.

ಬಂದ ಮೇಲೆ ಹುಡುಕುವ ಅಭ್ಯಾಸ ಬಿಡಬೇಕೆಂದು 2013ರಲ್ಲಿ ತಜ್ಞರು ಒಟ್ಟಿಗೆ ಕೂತರು. ಇನ್ನೂ ಬಾರದ 591 ಪ್ರಭೇದಗಳನ್ನು ಜರಡಿ ಹಿಡಿದು, ಯಾವುದು ಹೆಚ್ಚು ಅಪಾಯಕಾರಿ ಎಂದು ಅಂಕ ಕೊಟ್ಟರು. ಮೊದಲ ಸ್ಥಾನ ಬಂದದ್ದು ಜೀಬ್ರಾ ಚಿಪ್ಪಿನ ದಾಯಾದಿ, ಕೆಸರಿನ ಮೇಲೂ ನೆಲೆಯೂರಬಲ್ಲ ಕ್ವಾಗಾ ಚಿಪ್ಪಿಗೆ. ಆ ವರದಿ ಪ್ರಕಟವಾದ 2014ರಲ್ಲೇ, ಅಕ್ಟೋಬರ್ ತಿಂಗಳಲ್ಲಿ, ಲಂಡನ್ನಿನ ಪಶ್ಚಿಮದಲ್ಲಿ ಹರಿಯುವ ವ್ರೇಸ್‌ಬರಿ ನದಿಯಲ್ಲಿ ಕ್ವಾಗಾ ಸಿಕ್ಕಿತು.