ನಿದಾನವೂ ನಿಧಾನವೂ

ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಅಷ್ಟಾಗಿ ಲೆಕ್ಕಿಸದ ನಮ್ಮ ಜನದ ಬಾಯಲ್ಲಿ ‘ನಿದಾನ’ವೂ ‘ನಿಧಾನ’ವೂ ಒಂದೇ ಆಗಿಬಿಡುತ್ತವೆ, ರೋಗದ ಮೂಲವನ್ನು ಗುರುತಿಸುವ ಶಾಸ್ತ್ರಕ್ಕೂ ಅವಸರವಿಲ್ಲದ ನಡಿಗೆಗೂ ಒಂದೇ ಹೆಸರು ಸಲ್ಲುತ್ತದೆ. ‘ಮಾಧವನಿದಾನ’ವನ್ನು ಅಭ್ಯಾಸಮಾಡಿದ ಪಂಡಿತರು ಈ ಉಚ್ಚಾರವನ್ನು ಕೇಳಿ ಹುಬ್ಬು ಗಂಟಿಕ್ಕಿಯಾರು; ಆದರೆ ಸೊಳ್ಳೆಗಳಿಂದ ಹರಡುವ ವೈರಾಣುಜ್ವರಗಳ ಚರಿತ್ರೆಯನ್ನು ಸ್ವಲ್ಪ ಬಿಡುವಾಗಿ ಕುಳಿತು ನೋಡಿದವನಿಗೆ, ಜನದ ನಾಲಗೆಯೇ ಪಂಡಿತರ ಕೋಶಕ್ಕಿಂತ ಸತ್ಯಕ್ಕೆ ಹತ್ತಿರವಾಗಿದೆಯೆಂದು ತೋರದಿರದು. ಏಕೆಂದರೆ ಈ ಜ್ವರಗಳಿಗೆ ಸರಿಯಾದ ಹೆಸರು ದೊರೆಯುವಷ್ಟರಲ್ಲಿ ರೋಗಿಯು ಒಂದೋ ಎದ್ದು ಹೊಲದ ಕೆಲಸಕ್ಕೆ ಹೋಗಿರುತ್ತಿದ್ದನು, ಇಲ್ಲವೆ ಊರ ಹೊರಗಿನ ಮಣ್ಣನ್ನು ಸೇರಿರುತ್ತಿದ್ದನು.

ಪ್ರಯೋಗಶಾಲೆಗಳಿಲ್ಲದ ಕಾಲದಲ್ಲಿ ವೈದ್ಯನಿಗಿದ್ದ ಗ್ರಂಥವೆಂದರೆ ರೋಗಿಯ ಶರೀರವೊಂದೇ. 1779ರಲ್ಲಿ ಬಟಾವಿಯ ನಗರದ ಶಸ್ತ್ರವೈದ್ಯನಾಗಿದ್ದ ಡೇವಿಡ್ ಬೈಲಾನ್, ತಾನೂ ಅದೇ ಜ್ವರದಿಂದ ನರಳಿ, ಅದನ್ನು ಡಚ್ಚರ ಮಾತಿನಲ್ಲಿ ‘ಗೆಣ್ಣುಗಳ ಜ್ವರ’ವೆಂದು ಕರೆದನು, ಮರುವರ್ಷ ಫಿಲಡೆಲ್ಫಿಯದಲ್ಲಿ ಬೆಂಜಮಿನ್ ರಷ್ ಕಂಡ ರೋಗಿಗಳು ಮೂಳೆ ಮುರಿಯುತ್ತಿದೆಯೆಂದು ಗೋಳಾಡಿದುದರಿಂದ ಅದು ‘ಮೂಳೆಮುರುಕ ಜ್ವರ’ವಾಯಿತು, 1823ರಲ್ಲಿ ಝಾಂಜಿಬಾರಿನ ಜನ ಭೂತವೊಂದು ಹಠಾತ್ತಾಗಿ ಹಿಡಿದು ಸೆಟೆಸುವ ರೋಗವೆಂಬ ಭಾವದಲ್ಲಿ ತಮ್ಮ ಸ್ವಾಹಿಲಿಯಲ್ಲಿ ‘ಕಿ ಡಿಂಗಾ ಪೆಪೊ’ ಎಂದರು. ಮುಂದಿನ ವರ್ಷವೇ ಅಂಥದೇ ಜ್ವರವು ಕಲ್ಕತ್ತೆಯನ್ನೂ ರಂಗೂನನ್ನೂ ಮುತ್ತಿತು. ಈ ಹೆಸರುಗಳೆಲ್ಲವೂ ನೋವಿನ ವರ್ಣನೆಗಳೇ ಹೊರತು ಕಾರಣದ ಸೂಚನೆಗಳಲ್ಲವೆಂಬುದನ್ನು ಗಮನಿಸಬೇಕು. ನಮ್ಮವರ ಚಳಿಜ್ವರಕ್ಕಾದರೋ ಬೇಗನೆ ಒಂದು ಒರೆಗಲ್ಲು ದೊರೆಯಿತು. ಕ್ವಿನೈನಿಗೆ ಬಗ್ಗಿದರೆ ಅದು ಮಲೇರಿಯ, ಬಗ್ಗದಿದ್ದರೆ ಬೇರೆ. 1880ರಲ್ಲಿ ಲಾವೆರಾನ್ ಆ ರೋಗಿಗಳ ರಕ್ತದಲ್ಲಿ ಪರೋಪಜೀವಿಯನ್ನು ಕಂಡ ಬಳಿಕ ಸೂಕ್ಷ್ಮದರ್ಶಕವೇ ಸಾಕ್ಷಿ ನುಡಿಯತೊಡಗಿತು. ಆ ‘ಬೇರೆ’ ಎಂಬ ಮೂಟೆಯಲ್ಲಿ ಉಳಿದ ಜ್ವರಗಳಿಗೆ ಅಂಥ ಭಾಗ್ಯವಿರಲಿಲ್ಲ. ಅವುಗಳ ಕಾರಣಭೂತವಾದ ವಸ್ತು ಆ ಕಾಲದ ಯಾವ ಸೂಕ್ಷ್ಮದರ್ಶಕಕ್ಕೂ ಸಿಕ್ಕುವಂತಿರಲಿಲ್ಲ; 1907ರಲ್ಲಿ ಆಶ್‌ಬರ್ನ್ ಮತ್ತು ಕ್ರೇಗ್ ಎಂಬಿಬ್ಬರು ಫಿಲಿಪೀನ್ಸಿನಲ್ಲಿ ಡೆಂಗೆ ರೋಗಿಯ ರಕ್ತವನ್ನು ಬ್ಯಾಕ್ಟೀರಿಯಗಳನ್ನು ತಡೆಯುವ ಶೋಧಕದಲ್ಲಿ ಸೋಸಿ ಆರೋಗ್ಯವಂತರಿಗೆ ಚುಚ್ಚಿ, ಆ ಸೋಸಿದ ನೀರಿನಿಂದಲೂ ಜ್ವರ ಬರುವುದೆಂದು ತೋರಿಸಿದಾಗ, ಶತ್ರುವಿನ ಇರವು ತಿಳಿಯಿತೇ ವಿನಾ ಅವನ ಮುಖ ಕಾಣಲಿಲ್ಲ.

ಇವುಗಳ ಪೈಕಿ ಅತ್ಯಂತ ಭೀಕರವಾದ ಹಳದಿಜ್ವರದ ನಿದಾನವಂತೂ ಬಹುಕಾಲ ಶವಗಳ ಮೇಲೆಯೇ ನಡೆಯಿತು. ಜ್ವರವೇರಿದರೂ ನಾಡಿಯು ಅದಕ್ಕೆ ತಕ್ಕಂತೆ ಏರದಿರುವ ಲಕ್ಷಣವನ್ನು ನ್ಯೂ ಆರ್ಲಿಯನ್ಸಿನ ಫಾಜೆ ಗುರುತಿಸಿದ್ದನಾದರೂ, ಅದು ವಿಷಮಶೀತಜ್ವರದಲ್ಲಿಯೂ ಕಾಣಿಸುವಂಥದು. ಕಾಮಾಲೆ ತರುವ ಬೇರೊಂದು ಸೂಕ್ಷ್ಮಜೀವಿಯನ್ನು ಹಳದಿಜ್ವರದ ಕಾರಣವೆಂದು ನಂಬಿ ನೊಗುಚಿಯಂಥ ಮೇಧಾವಿಯೇ ವರ್ಷಗಟ್ಟಲೆ ಜಗತ್ತನ್ನು ತಪ್ಪುದಾರಿಗೆಳೆದನು. 1927ರಲ್ಲಿ ಗೋಲ್ಡ್ ಕೋಸ್ಟಿನ ಅಸಿಬಿ ಎಂಬ ಇಪ್ಪತ್ತೆಂಟು ವರ್ಷದ ರೋಗಿಯ ರಕ್ತವನ್ನು ರೀಸಸ್ ಕೋತಿಗೆ ಚುಚ್ಚಿದಾಗ ಕೋತಿಯು ಸತ್ತು ಸತ್ಯ ಹೊರಬಿದ್ದಿತು, ಅಸಿಬಿ ಬದುಕಿಕೊಂಡನು, ಆ ಪ್ರಯೋಗದ ಮುಂದಾಳಾಗಿದ್ದ ಏಡ್ರಿಯನ್ ಸ್ಟೋಕ್ಸ್ ಅದೇ ವರ್ಷದ ಸೆಪ್ಟೆಂಬರಿನಲ್ಲಿಯೂ, ತನ್ನ ಮತವನ್ನು ಮರುಪರೀಕ್ಷಿಸಲೆಂದು ಅಕ್ರಾಕ್ಕೆ ಬಂದ ನೊಗುಚಿ ಮುಂದಿನ ಮೇ ತಿಂಗಳಿನಲ್ಲಿಯೂ ಅದೇ ಜ್ವರಕ್ಕೆ ಬಲಿಯಾದರು. ಆಮೇಲೆ ಬ್ರೆಜಿಲಿನಲ್ಲಿ ಹೆಣವನ್ನು ಪೂರ್ಣವಾಗಿ ಕೊಯ್ಯದೆ ಯಕೃತ್ತಿನ ಒಂದು ಚೂರನ್ನು ಮಾತ್ರ ಎತ್ತಿಕೊಳ್ಳುವ ಸಾಧನವೊಂದನ್ನು ಹಳ್ಳಿಹಳ್ಳಿಗೂ ಹಂಚಿ, ಜ್ವರದಿಂದ ಬೇಗನೆ ಸತ್ತವರ ಯಕೃತ್ತನ್ನು ತರಿಸಿ ನೋಡುವ ಪದ್ಧತಿ ಬಂದಿತು. ಮೃತನಿಗೆ ಅದರಿಂದ ಏನು ಪ್ರಯೋಜನವೆಂದು ಕೇಳುವುದು ವ್ಯರ್ಥ; ರೋಗನಿದಾನವು ಅಲ್ಲಿ ರೋಗಿಗಲ್ಲ, ರಾಜ್ಯಕ್ಕೆ.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಮನೆಯೊಂದು ದೊರೆತುದು 1952ರಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ ಪುಣೆಯಲ್ಲಿ ಸ್ಥಾಪಿಸಿದ ವೈರಸ್ ಸಂಶೋಧನ ಕೇಂದ್ರವೇ ಮುಂದೆ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. ಅಲ್ಲಿಯ ಮೊದಲ ಕೆಲಸಗಳಲ್ಲೊಂದು, ನಾನಾ ಪ್ರಾಂತಗಳ ಜನರ ರಕ್ತವನ್ನು ತರಿಸಿ, ಅದರ ಸೀರಮ್ಮಿಗೆ ಒಂದೊಂದು ವೈರಾಣುವನ್ನು ಬೆರೆಸಿ, ಆ ಮಿಶ್ರಣವನ್ನು ಇಲಿಮರಿಗಳಿಗೆ ಚುಚ್ಚಿ, ಯಾವ ಇಲಿಗಳು ಬದುಕುವುವು ಎಂದು ಎಣಿಸುವುದು. ಇಲಿ ಬದುಕಿದರೆ ಆ ಮನುಷ್ಯನಿಗೆ ಹಿಂದೆಂದೋ ಆ ವೈರಾಣು ತಗುಲಿ, ಅವನ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟಿವೆಯೆಂದರ್ಥ. ಡೆಂಗೆ, ಜಪಾನೀ ಮಿದುಳುಜ್ವರ, ವೆಸ್ಟ್ ನೈಲ್ ಮೊದಲಾದವು ಹೆಸರಿಲ್ಲದೆಯೇ ಈ ನೆಲದಲ್ಲಿ ಸಂಚರಿಸುತ್ತಿದ್ದುವೆಂಬುದು ಹೀಗೆ ಇಲಿಗಳ ಸಾಕ್ಷ್ಯದಿಂದ ತಿಳಿದುಬಂದಿತು.

ಇಲಿಗಿಂತ ಅಗ್ಗದ ಸಾಕ್ಷಿ ಹೆಬ್ಬಾತು. ಇಂಥ ಅನೇಕ ವೈರಾಣುಗಳು ಹೆಬ್ಬಾತಿನ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುವ ಗುಣವುಳ್ಳವು; ರೋಗಿಯ ಸೀರಮ್ಮಿನಲ್ಲಿ ತಕ್ಕ ಪ್ರತಿಕಾಯವಿದ್ದರೆ ಆ ಅಂಟಿಸುವಿಕೆ ನಿಂತುಹೋಗುವುದು. ರಾಕ್‌ಫೆಲರ್ ಪ್ರತಿಷ್ಠಾನದ ನ್ಯೂಯಾರ್ಕ್ ಪ್ರಯೋಗಶಾಲೆಯ ಕಸಾಲ್ಸ್ ಮತ್ತು ಕ್ಲಾರ್ಕ್ ಎಂಬವರು 1958ರಲ್ಲಿ ಒಪ್ಪಮಾಡಿಕೊಟ್ಟ ಈ ಪರೀಕ್ಷೆಯಲ್ಲಿ, ಸೀರಮ್ಮನ್ನು ಹತ್ತು ಪಾಲು, ಇಪ್ಪತ್ತು ಪಾಲು, ನಲವತ್ತು ಪಾಲು ಎಂದು ಇಮ್ಮಡಿಸುತ್ತ ತೆಳುಮಾಡಿ, ತಟ್ಟೆಯ ಕುಳಿಗಳಲ್ಲಿ ಸಾಲಾಗಿ ಹಾಕಿ, ವೈರಾಣುವನ್ನೂ ರಕ್ತಕಣವನ್ನೂ ಕೂಡಿಸಿ ಇಟ್ಟರೆ, ಪ್ರತಿಕಾಯವಿರುವ ಕುಳಿಗಳಲ್ಲಿ ಕಣಗಳು ಜಾರಿ ತಳದಲ್ಲಿ ಕುಂಕುಮದ ಬೊಟ್ಟಿನಂತೆ ನಿಲ್ಲುವುವು, ಇಲ್ಲದ ಕುಳಿಗಳಲ್ಲಿ ತೆಳ್ಳಗೆ ಪರದೆಯಂತೆ ಹರಡಿಕೊಳ್ಳುವುವು. ನೋಡಲು ಇಷ್ಟು ಸುಂದರವಾದ ಪರೀಕ್ಷೆಗೆ ಎರಡು ದೋಷಗಳಿದ್ದುವು. ಡೆಂಗೆಗೂ ಜಪಾನೀ ಮಿದುಳುಜ್ವರಕ್ಕೂ ವೆಸ್ಟ್ ನೈಲಿಗೂ ದಾಯಾದಿಗಳ ಸಂಬಂಧವಿರುವುದರಿಂದ ಒಂದರ ಪ್ರತಿಕಾಯವು ಮತ್ತೊಂದರ ಮನೆಯ ಬಾಗಿಲನ್ನೂ ತಟ್ಟುತ್ತಿತ್ತು. ಎರಡನೆಯದು, ಒಂದು ಸಲದ ರಕ್ತದಿಂದ ಏನೂ ಇತ್ಯರ್ಥವಾಗದು. ಜ್ವರದ ಆರಂಭದಲ್ಲಿ ಒಮ್ಮೆ, ಎರಡು ಮೂರು ವಾರಗಳ ನಂತರ ಮತ್ತೊಮ್ಮೆ ರಕ್ತ ತೆಗೆದು, ಎರಡನೆಯದರಲ್ಲಿ ಪ್ರತಿಕಾಯವು ನಾಲ್ಕು ಪಟ್ಟಾದರೂ ಏರಿದೆಯೆಂದು ಕಂಡರೆ ಮಾತ್ರ ತೀರ್ಪು. ಜ್ವರ ಬಿಟ್ಟು ಮೂರು ವಾರವಾದ ಒಕ್ಕಲಿಗನೊಬ್ಬನನ್ನು ನಾಟಿಯ ಕಾಲದಲ್ಲಿ ಹುಡುಕಿಕೊಂಡು ಹೋಗಿ ‘ಇನ್ನೊಮ್ಮೆ ರಕ್ತ ಕೊಡಪ್ಪ’ ಎಂದು ಕೇಳುವುದು ಎಷ್ಟು ಕಷ್ಟದ ಕೆಲಸವೆಂಬುದನ್ನು ಕ್ಷೇತ್ರಕಾರ್ಯ ಮಾಡಿದವರೇ ಬಲ್ಲರು.

ಈ ಕೇಂದ್ರದ ಜಾಣ್ಮೆಗೆ ಕಠಿನವಾದ ಪರೀಕ್ಷೆ ಒದಗಿದುದು ನಮ್ಮ ಮಲೆನಾಡಿನಲ್ಲಿ. 1957ರ ಬೇಸಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಿನಲ್ಲಿ ಮಂಗಗಳೂ ಮುಸುವಗಳೂ ಸತ್ತು ಬೀಳತೊಡಗಿದುವು. ಸೌದೆಗೂ ತರಗೆಲೆಗೂ ಕಾಡು ಹೊಕ್ಕ ಜನಕ್ಕೆ ತೀವ್ರವಾದ ಜ್ವರ, ಮೈಕೈನೋವು, ಕೆಲವರಿಗೆ ರಕ್ತಸ್ರಾವ. ಮೊದಲು ವಿಷಮಶೀತಜ್ವರವೆಂದು ಭಾವಿಸಲ್ಪಟ್ಟ ಈ ರೋಗದ ಸುದ್ದಿಯಲ್ಲಿ ಸತ್ತ ಮಂಗಗಳ ಮಾತನ್ನು ಕೇಳಿದೊಡನೆಯೇ ಪುಣೆಯವರ ಎದೆ ಝಲ್ಲೆಂದಿರಬೇಕು. ದಕ್ಷಿಣ ಅಮೆರಿಕದ ಅಡವಿಗಳಲ್ಲಿ ಕೋತಿಗಳ ಕೂಗು ಅಡಗಿತೆಂದರೆ ಹಳದಿಜ್ವರ ಬಂದಿತೆಂದೇ ಅರ್ಥ. ಭಾರತದಲ್ಲಿ ಆ ಜ್ವರ ಎಂದೂ ಕಾಲಿಟ್ಟಿರಲಿಲ್ಲ. ಆದರೆ ಅದನ್ನು ಹೊರುವ ಸೊಳ್ಳೆ ಮನೆಮನೆಯ ಹಂಡೆ ಹರವಿಗಳಲ್ಲಿಯೂ, ಅದಕ್ಕೆ ಸುಲಭವಾಗಿ ತುತ್ತಾಗುವ ಮಂಗ ಮರಮರದಲ್ಲಿಯೂ, ಅದನ್ನು ತಡೆಯುವ ಶಕ್ತಿಯಿಲ್ಲದ ಕೋಟ್ಯಂತರ ಜನ ಊರೂರಿನಲ್ಲಿಯೂ ಇದ್ದರು. ಕೇಂದ್ರದ ನಿರ್ದೇಶಕನಾಗಿದ್ದ ಟೆಲ್‌ಫರ್ಡ್ ವರ್ಕ್ ಮತ್ತು ಅವನ ಸಂಗಡಿಗರು ಬಂದು, ಮಂಗಗಳ ಅಂಗಾಂಗಗಳನ್ನೂ ರೋಗಿಗಳ ರಕ್ತವನ್ನೂ ಪುಣೆಗೆ ಸಾಗಿಸಿ, ಇಲಿಗಳಲ್ಲಿ ವೈರಾಣುವನ್ನು ಬೆಳೆಸಿ ನೋಡಿದರೆ, ಅದು ಹಳದಿಜ್ವರದ ವೈರಾಣುವಲ್ಲ. ಎಲ್ಲಿಯೋ ರಷ್ಯದ ಶೀತವನಗಳಲ್ಲಿ ವಸಂತಕಾಲಕ್ಕೆ ಬರುವ ಮಿದುಳುಜ್ವರದ ಬಳಗಕ್ಕೆ ಸೇರಿದ ಹೊಸದೊಂದು ವೈರಾಣು. ಹೊತ್ತು ತಂದುದೂ ಸೊಳ್ಳೆಯಲ್ಲ, ಕಾಡಿನ ಉಣುಗು. ಸೊಳ್ಳೆಯೆಂಬ ಆರೋಪಿಯನ್ನು ಖುಲಾಸೆಮಾಡಿದ ಈ ನಿದಾನವನ್ನು ನಾನು ಸೊಳ್ಳೆರೋಗಗಳ ಚರಿತ್ರೆಯಲ್ಲಿಯೇ ಸೇರಿಸುತ್ತೇನೆ; ಏಕೆಂದರೆ ಯಾವುದು ಅಲ್ಲವೆಂದು ಹೇಳಬಲ್ಲವನೇ ಯಾವುದು ಹೌದೆಂದು ಹೇಳಲು ಅಧಿಕಾರಿ. ಮಲೆನಾಡಿಗರಾದರೋ ಇಷ್ಟೆಲ್ಲ ಶೋಧನೆಗೆ ಕಾಯದೆ, ಕಣ್ಣಿಗೆ ಕಂಡುದನ್ನೇ ಹಿಡಿದು, ‘ಮಂಗನ ಕಾಯಿಲೆ’ ಎಂದು ಹೆಸರಿಟ್ಟರು.

ಅದಕ್ಕೆ ಎರಡು ವರ್ಷ ಮೊದಲು ವೆಲ್ಲೂರಿನಲ್ಲಿ, ಜ್ವರ ಬಂದು ಸೆಳೆತದಿಂದ ಪ್ರಜ್ಞೆ ತಪ್ಪುತ್ತಿದ್ದ ಉತ್ತರ ಆರ್ಕಾಟಿನ ಮಕ್ಕಳಲ್ಲಿ ಜಪಾನೀ ಮಿದುಳುಜ್ವರದ ಕುರುಹು ಸಿಕ್ಕಿತ್ತು. ಗದ್ದೆ, ಹಂದಿ, ಬೆಳ್ಳಕ್ಕಿ ಮೂರೂ ಕೂಡುವೆಡೆಯಲ್ಲಿ ಬೆಳೆಯುವ ಈ ರೋಗವು ಮುಂದೆ ಕೋಲಾರ, ಮಂಡ್ಯಗಳಲ್ಲಿಯೂ ಕಾಣಿಸಿಕೊಂಡಿತು. 1963ರಲ್ಲಿ ಕಲ್ಕತ್ತೆಯಲ್ಲಿ ಎದ್ದ ಜ್ವರದಲ್ಲಿ ಡೆಂಗೆಯೊಡನೆ ಚಿಕೂನ್‌ಗುನ್ಯವೂ ಸೇರಿದೆಯೆಂದು ತಿಳಿಯಿತು. ಈ ಎರಡನೆಯ ಹೆಸರು 1952ರಲ್ಲಿ ಟಾಂಗನೀಕದ ಮಕೊಂಡೆ ಪ್ರಸ್ಥಭೂಮಿಯಿಂದ ಬಂದುದು. ಕೀಲುಗಳ ನೋವಿನಿಂದ ಮೈ ಬಾಗಿಹೋಗುವುದೆಂದು ಆ ಜನದ ಮಾತಿನಲ್ಲಿ ಅರ್ಥ. ಮತ್ತೆ ಶರೀರದ ಭಂಗಿಯೇ!

ಎರಡು ಸಲದ ರಕ್ತದ ಕಷ್ಟ ತೀರಿದುದು 1980ರ ದಶಕದಲ್ಲಿ. ಸೋಂಕು ತಗುಲಿದಾಗ ಶರೀರವು ಮೊದಲು ಹೊರಡಿಸುವ ಪ್ರತಿಕಾಯಕ್ಕೆ ಐಜಿಎಂ ಎಂದು ಹೆಸರು. ಅದು ಕೆಲವು ವಾರಗಳೋ ತಿಂಗಳುಗಳೋ ಇದ್ದು ಮರೆಯಾಗುವುದರಿಂದ ಅದರ ಇರವೇ ಹೊಸ ರೋಗದ ಗುರುತು. ಅದೊಂದನ್ನೇ ತಟ್ಟೆಯ ತಳದಲ್ಲಿ ಹಿಡಿದಿಟ್ಟು ಬಣ್ಣದಿಂದ ತೋರಿಸುವ ಎಲೈಸಾ ವಿಧಾನವನ್ನು ಬ್ಯಾಂಕಾಕಿನಲ್ಲಿ ಬರ್ಕ್ ಮತ್ತು ನಿಸಲಕ್ 1982ರಲ್ಲಿ ಮಿದುಳುಜ್ವರದ ರೋಗಿಗಳ ಬೆನ್ನಿನ ನೀರಿನ ಮೇಲೆ ಪ್ರಯೋಗಿಸಿ ತೋರಿಸಿದರು. ಪುಣೆಯ ಸಂಸ್ಥೆ ಅಂಥ ಕಿಟ್ಟುಗಳನ್ನು ತಾನೇ ತಯಾರಿಸಿ ದೇಶದ ಆಸ್ಪತ್ರೆಗಳಿಗೆ ಹಂಚತೊಡಗಿತು. ಆದರೂ ಐಜಿಎಂ ಏಳಲು ಸುಮಾರು ಐದು ದಿನ ಬೇಕು; ಆ ಐದು ದಿನಗಳ ಅಂತರವನ್ನು ವೈರಾಣುವಿನ ಎನ್‌ಎಸ್‌1 ಎಂಬ ಪ್ರೋಟೀನನ್ನೇ ರಕ್ತದಲ್ಲಿ ಹಿಡಿಯುವ ಪರೀಕ್ಷೆಯು ಈ ಶತಮಾನದ ಆರಂಭದಲ್ಲಿ ಡೆಂಗೆಯ ಮಟ್ಟಿಗೆ ತುಂಬಿತು. ನಿದಾನವು ನಿಧಾನವನ್ನು ಬಿಟ್ಟು ರೋಗಿಯ ಹಾಸಿಗೆಯ ಪಕ್ಕಕ್ಕೆ ಬಂದುದು ಆಗಲೇ.

ಹಾಗೆಂದು ಶರೀರವೆಂಬ ಹಳೆಯ ಗ್ರಂಥವನ್ನು ಯಾರೂ ಮುಚ್ಚಿಡಲಿಲ್ಲ. 2006ರಲ್ಲಿ ಚಿಕೂನ್‌ಗುನ್ಯವು ಮೂರು ದಶಕಗಳ ಅಜ್ಞಾತವಾಸವನ್ನು ಮುಗಿಸಿಕೊಂಡು ಮರಳಿದಾಗ, ದೇಶದ ಸುಮಾರು 13.9 ಲಕ್ಷ ಶಂಕಿತ ರೋಗಿಗಳಲ್ಲಿ ಏಳೂವರೆ ಲಕ್ಷ ಮಂದಿ ಕರ್ನಾಟಕದವರೇ ಆಗಿದ್ದರು. ಇವರಲ್ಲಿ ರಕ್ತಪರೀಕ್ಷೆಯಾದುದು ಅತ್ಯಲ್ಪ ಭಾಗಕ್ಕೆ. ಉಳಿದವರ ನಿದಾನವನ್ನು ಊರಿನ ಬಸ್‌ಸ್ಟ್ಯಾಂಡೇ ಮಾಡಿತು: ಬಸ್ಸಿನಿಂದ ಇಳಿಯುವಾಗ ಒಂದು ಕೈಯಲ್ಲಿ ಕಂಬಿಯನ್ನೂ ಇನ್ನೊಂದರಲ್ಲಿ ಮಂಡಿಯನ್ನೂ ಹಿಡಿದುಕೊಂಡವರನ್ನು ಕಂಡು, ‘ನಿಮಗೂ ಬಂತಾ ಅಕ್ಕ?’ ಎಂದು ಕಟ್ಟೆಯ ಮೇಲೆ ಕುಳಿತವರು ಕೇಳುತ್ತಿದ್ದರು. ಹೆಸರಿನ ಮೊದಲೆರಡು ಅಕ್ಷರಗಳನ್ನು ಕೋಳಿಮಾಂಸದ ಇಂಗ್ಲಿಷ್ ಹೆಸರೆಂದು ತಿಳಿದು, ಪಾಪ, ಕೋಳಿ ತಿನ್ನುವುದನ್ನು ಬಿಟ್ಟವರೂ ಉಂಟು.

ಇನ್ನು ಅತ್ಯಂತ ನಿಧಾನವಾದ ನಿದಾನವೊಂದನ್ನು ಹೇಳುವುದು ಉಳಿದಿದೆ. 1964ರಲ್ಲಿ ವೆಲ್ಲೂರಿನಲ್ಲಿ ಚಿಕೂನ್‌ಗುನ್ಯವನ್ನೂ ಡೆಂಗೆಯನ್ನೂ ಪಕ್ಕಪಕ್ಕದಲ್ಲಿಯೇ ಕಂಡು ಅಭ್ಯಸಿಸಿದ ಡೊನಾಲ್ಡ್ ಕೇರಿ ಎಂಬ ವೈದ್ಯನು, ಹಳೆಯ ಜ್ವರಗಳ ವರದಿಗಳನ್ನು ತೆರೆದು, ಅಂದಿನ ರೋಗಿಗಳ ಗೆಣ್ಣುಗಳ ಊತವನ್ನೂ ತಿಂಗಳುಗಟ್ಟಲೆ ಬಿಡದ ಕೀಲುನೋವನ್ನೂ ಓದಿ, 1971ರಲ್ಲಿ ಒಂದು ಪ್ರಬಂಧವನ್ನು ಬರೆದನು: ಬೈಲಾನನ ಬಟಾವಿಯದ ಜ್ವರವೂ ಝಾಂಜಿಬಾರಿನ ಜ್ವರವೂ 1824ರ ಕಲ್ಕತ್ತೆಯ ಜ್ವರವೂ ಇಂದು ನಾವು ಡೆಂಗೆಯೆನ್ನುವ ರೋಗವಲ್ಲ, ಚಿಕೂನ್‌ಗುನ್ಯವೇ ಇರಬೇಕೆಂಬುದು ಅವನ ವಾದ. ಝಾಂಜಿಬಾರಿನ ‘ಡಿಂಗಾ’ ಎಂಬ ಮಾತೇ ಕಡಲು ದಾಟಿ ವೆಸ್ಟ್ ಇಂಡೀಸಿನಲ್ಲಿ ‘ಡೆಂಗೆ’ಯಾಗಿ, ಮುಂದೆ ಬೇರೊಂದು ಜ್ವರದ ತಲೆಗೆ ಅಂಟಿಕೊಂಡಿತೆಂದು ಆ ವಾದದಿಂದ ಹೊರಡುತ್ತದೆ. ಹಾಗಿದ್ದ ಪಕ್ಷದಲ್ಲಿ, ಇಂದು ಜಿಲ್ಲಾಸ್ಪತ್ರೆಯ ಚೀಟಿಯಲ್ಲಿ ಪರೀಕ್ಷೆಯ ಎದುರಿಗೆ ‘ಡೆಂಗೆ’ ಎಂದು ಬರೆಯುವ ಗುಮಾಸ್ತನು, ತನಗೆ ಅರಿವಿಲ್ಲದಂತೆ, ಇನ್ನೊಂದು ಜ್ವರದ ಹಳೆಯ ಹೆಸರನ್ನೇ ಬರೆಯುತ್ತಿದ್ದಾನೆ.